ಊರ ರಸ್ತೆ ಸುರಕ್ಷಿತವಾಗಲು, ಊರಿಗೆ ಬಸ್ಸು ಬರಲು: ಸಿಂಧನೂರು ಭಾಗದಲ್ಲಿ ನಾವು ಅನುಸರಿಸಿದ ಕ್ರಮ

ರಸ್ತೆಗಾಗಿ ಹೋರಾಟ ಎಂದರೆ ನಮ್ಮ ಕಡೆ ಮೊದಲು ನೆನಪಾಗುವುದು ರಸ್ತೆ ತಡೆ. ಅಪಘಾತವಾದ ದಿನ ಮುಳ್ಳುಕಂಟಿ ಎಳೆದು ಕೂತರೆ ಅಧಿಕಾರಿಗಳು ಬಂದು ಭರವಸೆ ಕೊಟ್ಟು ಹೋಗುತ್ತಾರೆ. ಬಾಯಿಮಾತಿನ ಆ ಭರವಸೆ ಯಾವ ಕಡತಕ್ಕೂ ಸೇರುವುದಿಲ್ಲ. ಸಿಂಧನೂರು, ಮಸ್ಕಿ, ಮಾನ್ವಿ ಭಾಗದ ಕಾಲುವೆ ಬಯಲಿನಲ್ಲಿ ನಾವು ಕೆಲವರು ಸೇರಿ ಬೇರೆ ದಾರಿ ಹಿಡಿದೆವು. ರಸ್ತೆ ಯಾರ ಸುಪರ್ದಿಯಲ್ಲಿದೆ ಎಂದು ತಿಳಿದುಕೊಂಡು, ಅಲ್ಲಿನ ಅಪಾಯವನ್ನು ಅಳೆದು, ಆ ಇಲಾಖೆ ಒಪ್ಪುವ ಲೆಕ್ಕದಲ್ಲೇ ಕೇಳುವುದು. ನಿಧಾನದ ಕೆಲಸ, ಆದರೆ ಕಾಗದದ ಮೇಲೆ ನಿಲ್ಲುವ ಕೆಲಸ.

ಒಂದೇ ಊರಿನ ಸುತ್ತ ನಾಲ್ಕೈದು ಇಲಾಖೆಗಳ ರಸ್ತೆ ಇರುತ್ತವೆ. ಲಿಂಗಸುಗೂರು, ಮಸ್ಕಿ, ಸಿಂಧನೂರು, ಸಿರುಗುಪ್ಪ, ಬಳ್ಳಾರಿ ಮೇಲೆ ಹಾದುಹೋಗುವುದು 150ಎ ರಾಷ್ಟ್ರೀಯ ಹೆದ್ದಾರಿ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯವು. ಹಳ್ಳಿ ರಸ್ತೆ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದ್ದು, ಪೇಟೆಯೊಳಗಿನದು ನಗರಸಭೆಯದು. ತುಂಗಭದ್ರಾ ಎಡದಂಡೆ ಕಾಲುವೆಯ ಪಕ್ಕದ ದಾರಿ ನೀರಾವರಿ ನಿಗಮದ್ದು. ಅದನ್ನು ಮಾಡಿದ್ದು ಕಾಲುವೆ ತಪಾಸಣೆಗೆ. ಈಗ ಶಾಲೆ ಮಕ್ಕಳ ಆಟೋ ಕೂಡ ಅದರ ಮೇಲೇ ಓಡುತ್ತದೆ. ಕಿಲೋಮೀಟರ್ ಕಲ್ಲಿನ ತಲೆಯ ಬಣ್ಣ ನೋಡಿದರೆ ಅರ್ಧ ಉತ್ತರ ಸಿಗುತ್ತದೆ: ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ಫಲಕದಲ್ಲಿ ಕೆಲಸ ಮುಗಿದ ದಿನಾಂಕ ನೋಡಿ. ಅಲ್ಲಿಂದ 5 ವರ್ಷ ನಿರ್ವಹಣೆ ಅದೇ ಗುತ್ತಿಗೆದಾರನ ಹೊಣೆ, ಹೊಸ ಅನುದಾನಕ್ಕೆ ಕಾಯಬೇಕಿಲ್ಲ. ತಪ್ಪು ಕಚೇರಿಗೆ ಕೊಟ್ಟ ಮನವಿ ‘ಸಂಬಂಧಪಟ್ಟವರಿಗೆ’ ಎಂಬ ಒಂದು ಸಾಲಿನೊಂದಿಗೆ ತಿಂಗಳುಗಟ್ಟಲೆ ಅಲೆಯುತ್ತದೆ.

ಜಾಗವನ್ನು ಕಲ್ಲಿನ ಲೆಕ್ಕದಲ್ಲೇ ಬರೆಯಬೇಕು. ಎರಡು ಕಿಲೋಮೀಟರ್ ಕಲ್ಲುಗಳ ನಡುವೆ 200 ಮೀಟರಿಗೊಂದು ಸಣ್ಣ ಕಲ್ಲು, ಅದರ ಮೇಲೆ 2, 4, 6, 8 ಎಂಬ ಅಂಕಿ ಇರುತ್ತದೆ. ‘ಕಿ.ಮೀ. 42/6’ ಎಂದು ಬರೆದರೆ ಇಂಜಿನಿಯರ್ ನೇರ ಅಲ್ಲಿಗೇ ಬಂದು ನಿಲ್ಲುತ್ತಾರೆ. ‘ಹನುಮಪ್ಪನ ಗುಡಿ ಹತ್ತಿರದ ತಿರುವು’ ಎಂದರೆ ಇಲಾಖೆಯ ಅಂದಾಜು ಪಟ್ಟಿಗೆ (ಎಸ್ಟಿಮೇಟ್) ಅದು ಏರುವುದೇ ಇಲ್ಲ.

ಇದೇ ತೊಡಕು ಪೊಲೀಸ್ ದಾಖಲೆಯಲ್ಲೂ ಇದೆ, ಇದಕ್ಕೆ ಹೆಚ್ಚು ಸಮಯ ಕೊಡಬೇಕು. ಕೇಂದ್ರ ಸಾರಿಗೆ ಸಚಿವಾಲಯದ ವ್ಯಾಖ್ಯೆಯಂತೆ ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ 3 ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತಗಳು, ಇಲ್ಲವೇ ಒಟ್ಟು 10 ಸಾವುಗಳು ಆಗಿದ್ದರೆ ಅದು ಕಪ್ಪು ಚುಕ್ಕೆ, ಬ್ಲಾಕ್ ಸ್ಪಾಟ್. ಆ ಪಟ್ಟಿಗೆ ಸೇರಿದ ಜಾಗಕ್ಕೆ ಹಣ ಸಿಗುವುದು ಸುಲಭ. ಆದರೆ ಎಫ್‌ಐಆರ್‌ಗಳಲ್ಲಿ ಒಂದೇ ತಿರುವಿನ ಅಪಘಾತಗಳು ಒಮ್ಮೆ ಈ ಊರ ಸೀಮೆ, ಒಮ್ಮೆ ಆ ಊರ ಸೀಮೆ, ಇನ್ನೊಮ್ಮೆ ಯಾರದೋ ಹೊಲದ ಹತ್ತಿರ ಎಂದು ಹಂಚಿಹೋಗಿರುತ್ತವೆ. ಅವನ್ನು ಒಂದೇ ಕಲ್ಲಿಗೆ ತಂದು ಜೋಡಿಸಲು ಊರಿನ ನೆನಪೇ ಬೇಕು, ಹೊರಗಿನವರಿಂದ ಆಗದು.

ಅದಕ್ಕೆ ಮಾಹಿತಿ ಹಕ್ಕಿನಲ್ಲಿ ಠಾಣೆಯಿಂದ ಹಿಂದಿನ 3 ವರ್ಷಗಳ ದಾಖಲೆ ಕೇಳಬೇಕು. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ ಇದೆ. ಇದು ಗೊತ್ತಿಲ್ಲದೆ ಉದ್ದುದ್ದ ಬರೆದ ಅರ್ಜಿಗಳು ಮರಳಿ ಬರುತ್ತವೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿರುವುದರಿಂದ ಹಳೆಯ, ಹೊಸ ಕಲಂಗಳೆರಡನ್ನೂ ನಮೂದಿಸಿ: ಮೊದಲಿನ ಭಾರತೀಯ ದಂಡ ಸಂಹಿತೆಯ 279, 337, 338, 304ಎ, ಈಗಿನ 281, 125, 106(1). ಒಂದನ್ನೇ ಬರೆದರೆ ಅರ್ಧ ಪ್ರಕರಣಗಳು ಬಿಟ್ಟುಹೋಗುತ್ತವೆ. ಗಾಯಾಳುಗಳ ಹೆಸರು ಕೇಳಬೇಡಿ, ವೈಯಕ್ತಿಕ ಮಾಹಿತಿ ಎಂದು ಇಡೀ ಅರ್ಜಿಯನ್ನೇ ನಿರಾಕರಿಸಲು ಅದು ಕಾರಣವಾಗುತ್ತದೆ. ದಿನಾಂಕ, ವೇಳೆ, ಸ್ಥಳ, ವಾಹನದ ಬಗೆ, ಸಾವು ಮತ್ತು ಗಾಯಗಳ ಸಂಖ್ಯೆ ಇಷ್ಟೇ ಸಾಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ. ಪ್ರಕರಣವಾಗದೆ ರಾಜಿಯಾದ ಅಪಘಾತಗಳಿಗೆ ಊರಲ್ಲೇ ಒಂದು ವಹಿ ಇಡಬೇಕು. ಸರ್ಕಲ್ಲಿನ ಚಹಾದಂಗಡಿ ಅದಕ್ಕೆ ಸರಿಯಾದ ಜಾಗ. ಅಲ್ಲಿಯವರಿಗೆ ಎಲ್ಲ ಸುದ್ದಿ ಮೊದಲು ಮುಟ್ಟುತ್ತದೆ.

ವೇಗ ಅಳೆಯಲು ಯಂತ್ರ ಬೇಡ. ಟೇಪು ಹಿಡಿದು ರಸ್ತೆಯಂಚಿನಲ್ಲಿ 100 ಮೀಟರ್ ಗುರುತು ಮಾಡಿ. ಮುಂದಿನ ಗಾಲಿ ಮೊದಲ ಗೆರೆ ದಾಟಿದಾಗ ಒಬ್ಬರು ಕೈ ಇಳಿಸುವುದು, ಎರಡನೇ ಗೆರೆಯ ಹತ್ತಿರ ಇರುವವರು ಮೊಬೈಲಿನ ಸ್ಟಾಪ್‌ವಾಚ್ ಒತ್ತಿ, ಗಾಲಿ ಆ ಗೆರೆ ದಾಟಿದಾಗ ನಿಲ್ಲಿಸುವುದು. 360ನ್ನು ಸೆಕೆಂಡಿನಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂದು ಬರುತ್ತದೆ: 6 ಸೆಕೆಂಡಿಗೆ 60, 4.5 ಸೆಕೆಂಡಿಗೆ 80. 50 ಮೀಟರಿನಲ್ಲೂ ಆಗುತ್ತದೆ, ಆದರೆ ಒತ್ತುವುದರಲ್ಲಿ 0.2 ಸೆಕೆಂಡ್ ಹೆಚ್ಚುಕಡಿಮೆಯಾದರೆ 60 ಇದ್ದದ್ದು 56 ಅಥವಾ 64 ಎಂದು ತೋರುತ್ತದೆ. 100 ಮೀಟರಿನಲ್ಲಿ ಆ ತಪ್ಪು ಅರ್ಧಕ್ಕೆ ಇಳಿಯುತ್ತದೆ. ರಸ್ತೆ ಪಕ್ಕ ಗುಂಪಾಗಿ ನಿಂತರೆ ಚಾಲಕರು ವೇಗ ಇಳಿಸುತ್ತಾರೆ, ಆದ್ದರಿಂದ ದೂರದ ಮರದ ನೆರಳಲ್ಲಿ ಕೂತು ಅಳೆಯಿರಿ. 100 ವಾಹನಗಳ ವೇಗವನ್ನು ಏರಿಕೆಯ ಕ್ರಮದಲ್ಲಿ ಬರೆದು 85ನೆಯದನ್ನು ಗುರುತಿಸಿ. ಇಂಜಿನಿಯರುಗಳು ನೋಡುವುದು ಆ 85ನೆಯ ವೇಗವನ್ನು. ಸರಾಸರಿ ಹೇಳಿದರೆ ಅಪಾಯ ಮುಚ್ಚಿಹೋಗುತ್ತದೆ.

ಶಾಲೆ ಮುಂದೆ ದಾಟುವ ವ್ಯವಸ್ಥೆ ಕೇಳುವಾಗ, ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 103ನೇ ಸಂಹಿತೆಯ ಲೆಕ್ಕ ಬಳಸಿ. ದಟ್ಟಣೆಯ ಒಂದು ಗಂಟೆಯಲ್ಲಿ ರಸ್ತೆ ದಾಟುವ ಜನರ ಸಂಖ್ಯೆಯನ್ನು ಅದೇ ಗಂಟೆಯ ವಾಹನ ಸಂಖ್ಯೆಯ ವರ್ಗದಿಂದ ಗುಣಿಸಬೇಕು. ವಿಭಜಕ ಇಲ್ಲದ ರಸ್ತೆಯಲ್ಲಿ ಗುಣಲಬ್ಧ 10 ಕೋಟಿ ದಾಟಿದರೆ ನಿಯಂತ್ರಿತ ದಾಟುದಾರಿಗೆ ಅರ್ಹ. 300 ಮಕ್ಕಳು, 600 ವಾಹನ ಇದ್ದರೆ 10 ಕೋಟಿ 80 ಲಕ್ಷ. 600 ವಾಹನಗಳಿದ್ದು ದಾಟುವವರು 150 ಮಾತ್ರ ಇದ್ದರೆ 5 ಕೋಟಿ 40 ಲಕ್ಷ; ಅಂಥ ಕಡೆ ಸಿಗ್ನಲ್ ಕೇಳುವುದಕ್ಕಿಂತ ವೇಗ ತಗ್ಗಿಸುವ ಕ್ರಮ ಕೇಳಿದರೆ ಬೇಗ ಸಿಗುತ್ತದೆ.

ಈಗ ರಸ್ತೆ ಉಬ್ಬಿನ (ಸ್ಪೀಡ್ ಬ್ರೇಕರ್) ಮಾತು. ಊರವರೇ ಕಾಂಕ್ರೀಟ್ ಸುರಿದು ಮಾಡಿದ ಒಂದಡಿ ಅಗಲದ, ಗೇಣೆತ್ತರದ ಏರಿಗಳು ವೇಗ ತಗ್ಗಿಸುತ್ತವೆ ನಿಜ, ಆದರೆ ಕತ್ತಲಲ್ಲಿ ಬೈಕಿನವರನ್ನು ಬೀಳಿಸುತ್ತವೆ, ಹೆರಿಗೆಗೆ ಹೋಗುವ 108 ವಾಹನವನ್ನು ಕುಲುಕಾಡಿಸುತ್ತವೆ. ಇದನ್ನು ನಾವು ಖಡಾಖಂಡಿತವಾಗಿ ವಿರೋಧಿಸುತ್ತೇವೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 99ನೇ ಸಂಹಿತೆಯ ದುಂಡು ಉಬ್ಬಿನ ಅಗಲ 3.7 ಮೀಟರ್, ನಡುವಿನ ಎತ್ತರ 10 ಸೆಂಟಿಮೀಟರ್. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಮೈ ನೋಯದೆ ದಾಟಬಹುದು. ಕೆಲಸಕ್ಕೆ ಮುಂಚೆಯೇ ಬಡಿಗೇರರಿಂದ ಪ್ಲೈವುಡ್ಡಿನ ಅಚ್ಚು ಕೊಯ್ಯಿಸಿ ಇಟ್ಟುಕೊಳ್ಳಿ. ನಡುವಿನಲ್ಲಿ 10 ಸೆಂ.ಮೀ., ಅಲ್ಲಿಂದ ಅರ್ಧ ಮೀಟರಿಗೆ 9.3, ಒಂದು ಮೀಟರಿಗೆ 7, ಒಂದೂವರೆ ಮೀಟರಿಗೆ 3.4, ಕೊನೆಯಲ್ಲಿ ಸೊನ್ನೆ. ರೋಲರ್ ಹೋಗುವ ಮೊದಲೇ ಡಾಂಬರಿನ ಮೇಲೆ ಅಚ್ಚು ಇಟ್ಟು ನೋಡಬೇಕು, ತಣ್ಣಗಾದ ಮೇಲೆ ತಕರಾರು ಮಾಡಿ ಪ್ರಯೋಜನವಿಲ್ಲ. ಎರಡೂ ಅಂಚುಗಳಲ್ಲಿ ಹಳೆಯ ಡಾಂಬರನ್ನು ತುಸು ಕೊರೆದು ಉಬ್ಬಿನ ತುದಿಯನ್ನು ಅದರೊಳಗೆ ಕೂರಿಸದಿದ್ದರೆ ಭತ್ತದ ಲಾರಿಗಳ ಹೊಡೆತಕ್ಕೆ ತುದಿ ಕಿತ್ತು ಮೆಟ್ಟಿಲಾಗುತ್ತದೆ. 40 ಮೀಟರ್ ಮುಂಚೆ ಫಲಕ, ಉಬ್ಬಿನ ಮೇಲೆ ಬಣ್ಣದ ಪಟ್ಟೆ, ಇವು ಅದೇ ಅಂದಾಜು ಪಟ್ಟಿಯಲ್ಲಿ ಇರಬೇಕು. ‘ಆಮೇಲೆ ಹಾಕಿಸೋಣ’ ಎಂದ ಫಲಕ ಬರುವುದಿಲ್ಲ.

ರಾಷ್ಟ್ರೀಯ ಹೆದ್ದಾರಿಯ ಮೇಲೆ ಮಾತ್ರ ಉಬ್ಬು ಕೇಳಬೇಡಿ. ಅಲ್ಲಿ ಹಾಕಕೂಡದೆಂದು ಸಚಿವಾಲಯದ ಸೂಚನೆಯೇ ಇದೆ, ಅದೊಂದೇ ಕಾರಣಕ್ಕೆ ಮನವಿ ತಿರಸ್ಕೃತವಾಗುತ್ತದೆ. ಊರಿಂದ ಹೆದ್ದಾರಿಗೆ ಸೇರುವ ಅಡ್ಡರಸ್ತೆಯ ಬಾಯಲ್ಲಿ ಉಬ್ಬು, ಹೆದ್ದಾರಿಯ ಮೇಲೆ ಅಡ್ಡಪಟ್ಟಿ ಗುರುತು, ಕೂಡುರಸ್ತೆಯ ಫಲಕ, ಒಂದು ದೀಪದ ಕಂಬ: ಇವನ್ನು ಕೇಳಿ.

ತಿರುವುಗಳಲ್ಲಿ ನಮ್ಮ ಶತ್ರು ಬಳ್ಳಾರಿ ಜಾಲಿ. ಕಣ್ಣಿಗೆ ಎಷ್ಟು ದೂರ ಕಾಣುತ್ತದೆ ಎಂದು ಹೀಗೆ ಅಳೆಯಬಹುದು: ಒಬ್ಬರು ಕಣ್ಣು ನೆಲದಿಂದ 1.2 ಮೀಟರ್ ಎತ್ತರದಲ್ಲಿರುವಂತೆ ಬಗ್ಗಿ ನಿಲ್ಲುವುದು, ಇನ್ನೊಬ್ಬರು 15 ಸೆಂಟಿಮೀಟರ್ ಎತ್ತರದ ಡಬ್ಬಿಯನ್ನು ರಸ್ತೆ ಮೇಲಿಟ್ಟು ಹಿಂದೆ ಸರಿಸುತ್ತ ಹೋಗುವುದು. ಡಬ್ಬಿ ಮರೆಯಾಗುವ ದೂರವೇ ಆ ತಿರುವಿನ ನೋಟ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ನಿಲ್ಲಲು 80 ಮೀಟರ್, 80ರ ವೇಗಕ್ಕೆ 120 ಮೀಟರ್ ಕಾಣಬೇಕು. ಜಾಲಿಯನ್ನು ಬುಡದಲ್ಲಿ ಕಡಿದರೆ ಒಂದೇ ಮಳೆಗಾಲಕ್ಕೆ ಮೊದಲಿಗಿಂತ ದಟ್ಟವಾಗಿ ಚಿಗುರುತ್ತದೆ. ‘ಬೇರುಸಹಿತ ಕೀಳಿಸುವುದು’ ಎಂದು ಅಂದಾಜು ಪಟ್ಟಿಯಲ್ಲಿ ಬರೆಸಿ.

ಎರೆ ಭೂಮಿಯಲ್ಲಿ ಡಾಂಬರಿನ ಅಂಚು ಬೇಗ ಕುಸಿಯುತ್ತದೆ. ಎದುರಿನ ಲಾರಿಗೆ ದಾರಿ ಬಿಡಲು ಕೆಳಗಿಳಿದ ಬೈಕು ಮತ್ತೆ ಮೇಲೇರುವಾಗಲೇ ಜಾರುತ್ತದೆ. ಅಂಚಿಗೆ ಹಾಕಬೇಕಾದದ್ದು ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು. ಪದರ ಪದರವಾಗಿ ನೀರು ಹೊಡೆದು ರೋಲರ್ ಆಡಿಸಬೇಕು. ಪಕ್ಕದ ಹೊಲದ ಎರೆ ಮಣ್ಣನ್ನೇ ಎಳೆದು ಮುಚ್ಚಿದರೆ ಮೊದಲ ಮಳೆಗೆ ಕೆಸರು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಗುಂಡಿ ಬೀಳುತ್ತಿದ್ದರೆ ಮೇಲೆ ನೋಡದೆ ಪಕ್ಕ ನೋಡಿ: ಗದ್ದೆಯ ನೀರು ರಸ್ತೆಯ ಬುಡಕ್ಕೆ ಇಳಿಯುತ್ತಿರುತ್ತದೆ, ಇಲ್ಲವೇ ಯಾರೋ ಪೈಪು ಹಾಯಿಸಲು ರಸ್ತೆ ಕಡಿದು ಮಣ್ಣು ಮುಚ್ಚಿರುತ್ತಾರೆ. ಅಲ್ಲಿ ಬೇಕಿರುವುದು ಪೈಪ್ ಮೋರಿ. ಇದನ್ನು ರೈತರ ಜೊತೆ ಮೊದಲೇ ಕೂತು ಮಾತಾಡದಿದ್ದರೆ ಹೊಸ ಮೋರಿಯ ಪಕ್ಕದಲ್ಲೇ ಮತ್ತೊಂದು ಕಡಿತ ಬೀಳುತ್ತದೆ.

ಸುಗ್ಗಿಯಲ್ಲಿ ಹೆಚ್ಚು ಜೀವ ತೆಗೆಯುವುದು ಕತ್ತಲಲ್ಲಿ ದೀಪವಿಲ್ಲದೆ ನಿಂತ ಟ್ರ್ಯಾಲಿ, ಮತ್ತು ರಸ್ತೆ ಮೇಲೆ ಹರಡಿದ ಭತ್ತಕ್ಕೆ ಅಂಚುಗಟ್ಟಿದ ಕಲ್ಲು. ಕಲ್ಲಿನ ಬಗ್ಗೆ ಡಂಗುರ ಸಾರಿಸಿದರೆ ಸಾಲದು, ಒಣಗಿಸಲು ಕಣ ಬೇಕು. ಪಂಚಾಯಿತಿಯ ಕ್ರಿಯಾ ಯೋಜನೆಗೆ ಒಕ್ಕಣೆ ಕಣ ಸೇರಿಸಲು ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಟ್ರ್ಯಾಲಿಗೆ ಪ್ರತಿಫಲಕ ಪಟ್ಟಿ ಅಂಟಿಸುವ ಕೆಲಸ ನಾವೇ ಮಾಡಬಹುದು: ಹಿಂದೆ ಕೆಂಪು, ಪಕ್ಕದಲ್ಲಿ ಹಳದಿ. ತಗಡನ್ನು ಒರೆಸಿ, ಜಿಡ್ಡು ತೆಗೆದು, ಪೂರ್ತಿ ಒಣಗಿದ ಮೇಲೆ ಅಂಟಿಸಿದರೆ ಮಾತ್ರ ನಿಲ್ಲುತ್ತದೆ. ಹುಲ್ಲು ಹೇರಿದಾಗ ಹಿಂಬದಿಯ ಬಾಗಿಲು ಮುಚ್ಚಿಹೋಗುವುದರಿಂದ ಕೆಳಗಿನ ಚಾಸಿಯ ಎರಡೂ ಮೂಲೆಗೆ ಇನ್ನೊಂದು ತುಂಡು ಬೇಕು.

ಇಷ್ಟೆಲ್ಲ ಸೇರಿಸಿ ಎರಡು ಪುಟದ ಮನವಿ, ಒಂದು ನಕಾಶೆ, ಫೋಟೊ. ಒಂದು ಪ್ರತಿ ರಸ್ತೆಯ ಇಲಾಖೆಯ ಕಾರ್ಯನಿರ್ವಾಹಕ ಇಂಜಿನಿಯರಿಗೆ, ಇನ್ನೊಂದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ. ಟಪಾಲು ಶಾಖೆಯ ಮೊಹರು, ಸ್ವೀಕೃತಿ ಸಂಖ್ಯೆ ಇಲ್ಲದ ಪ್ರತಿ ಕೊಟ್ಟಂತಲ್ಲ. ಸಮಿತಿ ಸಭೆಯ ನಂತರ ನಡಾವಳಿಯ ಪ್ರತಿ ಕೇಳಿ, ನಿಮ್ಮ ಕಿಲೋಮೀಟರ್ ಸಂಖ್ಯೆ ಅದರಲ್ಲಿ ಇದೆಯೇ ನೋಡಿ. ಮುಂದಿನ ಸಭೆಗೆ ಮುಂಚೆ ಅನುಪಾಲನಾ ವರದಿ, ಅಂದರೆ ತೀರ್ಮಾನಿಸಿದ್ದರಲ್ಲಿ ಎಷ್ಟು ಆಯಿತು ಎಂಬ ವರದಿ, ಕೇಳಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಕಲಂ ರಸ್ತೆಯ ವಿನ್ಯಾಸ, ನಿರ್ವಹಣೆಯ ಲೋಪದಿಂದ ಸಾವು ಅಥವಾ ಅಂಗವೈಕಲ್ಯ ಆದರೆ 1 ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ. ಅದನ್ನು ಮೊದಲ ಪತ್ರದಲ್ಲೇ ಬರೆದರೆ ಮಾತುಕತೆ ಕೆಡುತ್ತದೆ. ಅಪಾಯವನ್ನು ಲಿಖಿತವಾಗಿ ತಿಳಿಸಿದ ಮೇಲೂ ಏನೂ ಆಗದಿದ್ದಾಗ, ನೆನಪೋಲೆಯಲ್ಲಿ ಬರೆಯಿರಿ. ಕ್ರಿಯಾ ಯೋಜನೆಗಳು ಆರ್ಥಿಕ ವರ್ಷಕ್ಕೆ ತಕ್ಕಂತೆ ನಡೆಯುವುದರಿಂದ ಅಳತೆಯ ಕೆಲಸ ಹಿಂಗಾರಿನಲ್ಲೇ ಮುಗಿದಿರಲಿ.

ಬಸ್ಸಿನ ವಿಷಯದಲ್ಲಿ ನಾವು ಕಲಿತದ್ದು, ಹೊಸ ಬಸ್ಸನ್ನು ಕೊನೆಗೆ ಕೇಳಬೇಕು. ಈಗಿರುವ ಬಸ್ಸಿನ ವೇಳೆ 20 ನಿಮಿಷ ಬದಲಿಸುವುದು, ಎರಡು ಕಿಲೋಮೀಟರ್ ಒಳಗೆ ಬಂದು ಹೋಗುವುದು, ವೇಗದೂತಕ್ಕೆ ಕ್ರಾಸಿನಲ್ಲಿ ಕೋರಿಕೆ ನಿಲುಗಡೆ, ಇವಕ್ಕೆ ಹೊಸ ವಾಹನವೂ ಬೇಡ, ಹೊಸ ಸಿಬ್ಬಂದಿಯೂ ಬೇಡ. ಬಸ್ ಘಟಕದ (ಡಿಪೊ) ವ್ಯವಸ್ಥಾಪಕರೊಂದಿಗೆ ಮಾತಾಡಿ, ಕಲ್ಯಾಣ ಕರ್ನಾಟಕ ಸಾರಿಗೆಯ ವಿಭಾಗೀಯ ನಿಯಂತ್ರಣಾಧಿಕಾರಿಗಳಿಗೆ ಬರೆಯಬೇಕು. ಮನವಿಯ ಜೊತೆ ಅರ್ಧ ಗಂಟೆಗೊಂದು ಸಾಲಿನ ಪಟ್ಟಿ ಇರಲಿ: ಯಾವ ಊರಿಂದ, ಎಲ್ಲಿಗೆ, ಎಷ್ಟು ಜನ, ಕಾಲೇಜಿನವರು ಎಷ್ಟು, ಆಸ್ಪತ್ರೆಗೆ ಎಷ್ಟು. ಸಂತೆಯ ದಿನ ಬೇರೆ ಎಣಿಸಬೇಕು, ಅದನ್ನು ವಾರದ ಸರಾಸರಿಗೆ ಬೆರೆಸಿದರೆ ಲೆಕ್ಕ ನಂಬಿಕೆ ಕಳೆದುಕೊಳ್ಳುತ್ತದೆ. ಮೆಣಸಿನಕಾಯಿ, ಹತ್ತಿ ಬಿಡಿಸಲು ಸರಕಿನ ಆಟೋದಲ್ಲಿ ನಿಂತುಕೊಂಡು ಹೋಗುವ ಹೆಣ್ಣಾಳುಗಳನ್ನೂ ಎಣಿಸಿ. ಬೆಳಿಗ್ಗೆ ಸರಿಯಾದ ಹೊತ್ತಿಗೆ ಬಸ್ಸಿದ್ದರೆ ಅವರು ಆ ಆಟೋ ಹತ್ತುವುದಿಲ್ಲ.

ನಿಗಮ ನೋಡುವುದು ಪ್ರತಿ ಕಿಲೋಮೀಟರಿನ ಆದಾಯವನ್ನು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಕೊಡುವ ಶೂನ್ಯ ಟಿಕೆಟ್ಟಿನ ಮೊತ್ತವನ್ನು ಸರ್ಕಾರ ನಿಗಮಕ್ಕೆ ತುಂಬಿಕೊಡಬೇಕು, ಹಾಗಾಗಿ ಆ ಟಿಕೆಟ್ಟೂ ಆದಾಯವೇ. ‘ಬಿಟ್ಟಿ ತಾನೆ’ ಎಂದು ಟಿಕೆಟ್ ಪಡೆಯದೆ ಕೂತರೆ ಬಸ್ಸು ಲೆಕ್ಕದಲ್ಲಿ ಖಾಲಿ ಓಡಿದಂತೆ. ಊರಿನ ಅಕ್ಕಂದಿರಿಗೆ, ಅವ್ವಂದಿರಿಗೆ ಇದನ್ನು ಮನೆಮನೆಗೂ ಹೋಗಿ ಹೇಳಬೇಕು. ಪಾಸ್ ತೋರಿಸಿ ಕೂರುವ ವಿದ್ಯಾರ್ಥಿಗಳು ಟಿಕೆಟ್ ಲೆಕ್ಕಕ್ಕೆ ಸಿಗದೇ ಹೋಗಬಹುದು. ಶಾಲೆ, ಕಾಲೇಜಿನಿಂದ ಪಾಸುದಾರರ ಸಂಖ್ಯೆಯ ಪತ್ರ ಪಡೆದು ಲಗತ್ತಿಸಿ.

ಊರೊಳಗೆ ಬಸ್ಸು ತಿರುಗಲು ಜಾಗವಿದೆಯೇ ಎಂದು ನಿಗಮದವರು ಪರಿಶೀಲನೆಗೆ ಬರುವ ಮುಂಚೆ ನೋಡಿಕೊಳ್ಳಿ. ದೊಡ್ಡ ಬಸ್ಸು ಒಂದೇ ಸುತ್ತಿಗೆ ತಿರುಗಲು ಸುಮಾರು 25 ಮೀಟರ್ ಅಡ್ಡಳತೆಯ ಬಯಲು ಬೇಕು. ಇಲ್ಲದಿದ್ದರೆ ಹಿಂದಕ್ಕೆ ತೆಗೆದು ತಿರುಗಿಸುವಾಗ ಆಡುವ ಮಕ್ಕಳಿಗೆ ಅಪಾಯ. ಜೋತುಬಿದ್ದ ವಿದ್ಯುತ್ ತಂತಿ, ರಸ್ತೆಗೆ ಚಾಚಿದ ತಿಪ್ಪೆ, ಕಿರಿದಾದ ಮೋರಿ, ಇವೇ ಬಸ್ಸು ನಿರಾಕರಿಸಲು ಸಾಮಾನ್ಯ ಕಾರಣಗಳು. ವಸ್ತಿ ಬಸ್ಸು, ಅಂದರೆ ರಾತ್ರಿ ಊರಲ್ಲೇ ಉಳಿಯುವ ಬಸ್ಸು, ಬೇಕಿದ್ದರೆ ಚಾಲಕ, ನಿರ್ವಾಹಕರಿಗೆ ಬೀಗ ಇರುವ ಕೋಣೆ, ಫ್ಯಾನು, ಶೌಚಾಲಯ, ಕುಡಿಯುವ ನೀರು, ಬಸ್ಸು ನಿಲ್ಲುವಲ್ಲಿ ರಾತ್ರಿಯಿಡೀ ದೀಪ ಇರುತ್ತದೆಂದು ಪಂಚಾಯಿತಿಯ ಠರಾವು ಲಗತ್ತಿಸಿ. ಬಸ್ಸು ಶುರುವಾದ ಮೇಲೆ ಮೊದಲ ಮೂರು ತಿಂಗಳು ಬಂದ ವೇಳೆ, ಹತ್ತಿದವರ ಸಂಖ್ಯೆ, ಬಾರದ ದಿನ, ಮೂರನ್ನೂ ಚಹಾದಂಗಡಿಯ ವಹಿಯಲ್ಲೇ ಬರೆಯುತ್ತ ಹೋಗಿ. ‘ಜನ ಇಲ್ಲ’ ಎಂದು ಬಸ್ಸು ನಿಲ್ಲಿಸುವ ಪ್ರಸ್ತಾಪ ಬರುವುದು ಸಾಮಾನ್ಯವಾಗಿ ಆ ಅವಧಿಯಲ್ಲೇ. ಬಾರದ ದಿನಗಳ ಪಟ್ಟಿ ಕೈಯಲ್ಲಿದ್ದರೆ, ಜನ ಯಾಕೆ ಆಟೋ ಹತ್ತಿದರು ಎಂದು ಘಟಕದ ಕಚೇರಿಯಲ್ಲಿ ದಿನಾಂಕ ಸಮೇತ ತೋರಿಸಬಹುದು.