ಕರಿದ ಎಣ್ಣೆಯಲ್ಲಿ ಕಾರು ಓಡಿಸಿದ ಮೂರು ವರ್ಷ

ಮೂರು ವರ್ಷ ನನ್ನ ಹಳೇ ಡೀಸೆಲ್ ಕಾರಿಗೆ ಬಂಕ್‌ನಲ್ಲಿ ಹೆಚ್ಚುಕಡಿಮೆ ಏನೂ ಹಾಕಿಸಲಿಲ್ಲ. ಕರಿದು ಮಿಕ್ಕ ಅಡುಗೆ ಎಣ್ಣೆ ತಂದು, ನಾನೇ ಬಯೋಡೀಸೆಲ್ ಮಾಡಿ, ಅದರಲ್ಲೇ ಓಡಿಸಿದೆ. ಈಗ ಓಡಿಸುತ್ತಿರುವುದು ಎಲೆಕ್ಟ್ರಿಕ್ ಕಾರು. ಹೇಗೆ ಮಾಡಿದ್ರಿ ಅಂತ ಕೇಳುವವರಿದ್ದಾರೆ, ಅಷ್ಟು ಚೆನ್ನಾಗಿತ್ತು ಅಂದ್ರೆ ಯಾಕೆ ಬಿಟ್ರಿ ಅಂತಲೂ ಕೇಳುತ್ತಾರೆ. ಎರಡನ್ನೂ ಬರೆಯುತ್ತೇನೆ.

ಶುರುವಾಗಿದ್ದು ಬೆಲೆಯ ಮೇಲಿನ ಸಿಟ್ಟಿನಿಂದ. 2008ರ ಜುಲೈನಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತ್ತು, ಅದೇ ಡಿಸೆಂಬರ್‌ನಲ್ಲಿ 40ಕ್ಕಿಂತ ಕೆಳಗಿತ್ತು. ಐದು ತಿಂಗಳಲ್ಲಿ ನೆಲದೊಳಗಿನ ಎಣ್ಣೆ ಅಷ್ಟೊಂದು ಉಕ್ಕಿತಾ? ಇಲ್ಲವಲ್ಲ. ಎಲ್ಲೋ ಯುದ್ಧ ಆಗುತ್ತೆ, ಎಲ್ಲೋ ಬ್ಯಾಂಕ್ ಮುಳುಗುತ್ತೆ, ನನ್ನ ತಿಂಗಳ ಲೆಕ್ಕ ತಲೆಕೆಳಗಾಗುತ್ತೆ. ಒಂದು ದಿನ ಎಣ್ಣೆ ನಲ್ಲಿ ನಿಂತ ಹಾಗೆ ನಿಂತೇಹೋಗುತ್ತದೆ ಅಂತ ಆಗ ನಾನು ನಂಬಿದ್ದೆ. ಅದು ಅಷ್ಟು ಸರಳ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಹಬರ್ಟ್ ಎಂಬ ಭೂವಿಜ್ಞಾನಿ 1956ರಲ್ಲೇ ಲೆಕ್ಕ ಹಾಕಿ, ಅಮೆರಿಕದ ಎಣ್ಣೆ 1970ರ ಸುಮಾರಿಗೆ ತುದಿ ಮುಟ್ಟಿ ಇಳಿಯಲು ಶುರುವಾಗುತ್ತೆ ಅಂದಿದ್ದರು. ಹಾಗೇ ಆಯಿತು. ಆದರೆ ಬಂಡೆ ಸೀಳಿ ಎಣ್ಣೆ ತೆಗೆಯುವುದು ಕಲಿತ ಮೇಲೆ, 2018ರ ಹೊತ್ತಿಗೆ ಆ ಹಳೇ ತುದಿಯನ್ನೂ ದಾಟಿದರು. ಹಾಗಾಗಿ ಮುಗಿಯುತ್ತಾ ಬಂದಿರುವುದು ಸುಲಭವಾಗಿ ಸಿಗುವ ಎಣ್ಣೆ. ಉಳಿದದ್ದನ್ನು ಆಳದ ಸಮುದ್ರದಿಂದ, ಬಂಡೆಯಿಂದ, ಮರಳಿನಿಂದ ಹಿಂಡಬೇಕು. ಖರ್ಚೂ ಜಾಸ್ತಿ, ಗಲೀಜೂ ಜಾಸ್ತಿ.

ಡೀಸೆಲ್ ಎಂಜಿನ್‌ಗೆ ಅಡುಗೆ ಎಣ್ಣೆ ಹೊಸದೇನಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲೇ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ತೊಂದರೆ ಏನಂದರೆ ಅಡುಗೆ ಎಣ್ಣೆ ಮಂದ. ಹಾಗೇ ಹಾಕಿದರೆ ಎಂಜಿನ್‌ಗೆ ಇಂಧನ ಚಿಮ್ಮಿಸುವ ಇಂಜೆಕ್ಟರ್‌ನಿಂದ ಸಣ್ಣ ಹನಿಯಾಗಿ ಚಿಮ್ಮುವುದಿಲ್ಲ, ಅರೆಬರೆ ಉರಿದು ಕರಿ ಕಟ್ಟುತ್ತದೆ. ಅದಕ್ಕೇ ಮೆಥನಾಲ್ ಮತ್ತು ಕಾಸ್ಟಿಕ್ ಸೋಡಾ ಸೇರಿಸಿ ಎಣ್ಣೆಯನ್ನು ಒಡೆಯಬೇಕು. ತೆಳುವಾದ ಇಂಧನ ಮೇಲೆ ನಿಲ್ಲುತ್ತೆ, ಗ್ಲಿಸರಿನ್ ಕೆಳಗೆ ಇಳಿಯುತ್ತೆ.

ಸೋಡಾ ಎಷ್ಟು ಹಾಕಬೇಕು ಅನ್ನುವುದರಲ್ಲೇ ಎಲ್ಲಾ ಇರೋದು. ಎಷ್ಟು ಸಲ ಕಾಯಿಸಿದ ಎಣ್ಣೆಯೋ ಅಷ್ಟು ಹುಳಿ (ಆಮ್ಲ) ಅದರಲ್ಲಿ ಸೇರಿರುತ್ತದೆ, ಅದನ್ನು ಕಳೆಯಲು ಸೋಡಾ ಅಷ್ಟು ಹೆಚ್ಚಿಗೆ ಬೇಕು. ಪ್ರತಿ ಡಬ್ಬಕ್ಕೂ ಬೇರೆ ಲೆಕ್ಕ. ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ ಒಂದು ಗ್ರಾಂ ಸೋಡಾ ಕರಗಿಸಿ ಇಟ್ಟುಕೊಳ್ಳುತ್ತಿದ್ದೆ. ಚಿಕ್ಕ ಗಾಜಿನ ಲೋಟದಲ್ಲಿ 10 ಮಿ.ಲೀ. ಐಸೊಪ್ರೊಪೈಲ್ ಆಲ್ಕೋಹಾಲ್, ಅದಕ್ಕೆ 1 ಮಿ.ಲೀ. ಎಣ್ಣೆ, ಒಂದು ಚಿಟಿಕೆ ಅರಿಶಿನ. ಲೋಟ ಅಲ್ಲಾಡಿಸುತ್ತಾ ಸೋಡಾ ನೀರನ್ನು ಸಿರಿಂಜಿನಿಂದ ಹನಿ ಹನಿಯಾಗಿ ಬಿಡಬೇಕು. ಹನಿ ಬಿದ್ದ ಜಾಗದಲ್ಲಿ ಒಂದು ಕ್ಷಣ ಕೆಂಪು ಮೂಡಿ ಮಾಯವಾಗಿ ಮತ್ತೆ ಹಳದಿ ಆಗುತ್ತೆ. ಬಿಡ್ತಾ ಹೋದ ಹಾಗೆ ಆ ಕೆಂಪು ಸ್ವಲ್ಪ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೆ. ಕೊನೆಗೊಂದು ಹನಿಗೆ ಇಡೀ ಲೋಟ ಕೆಂಪಾಗಿ ಹಾಗೇ ಉಳಿಯುತ್ತೆ. ಅಷ್ಟರಲ್ಲಿ 3 ಮಿ.ಲೀ. ಖರ್ಚಾಗಿದ್ದರೆ ಒಂದು ಲೀಟರ್ ಎಣ್ಣೆಗೆ 3 ಗ್ರಾಂ ಸೋಡಾ ಹೆಚ್ಚಿಗೆ ಬೇಕು ಅಂತ ಅರ್ಥ. ಹೊಸ ಎಣ್ಣೆಗೆ ಬೇಕಾದ 5 ಗ್ರಾಂ ಸೇರಿಸಿ ಒಟ್ಟು 8 ಗ್ರಾಂ. ನೂರಾರು ಸಲ ಮಾಡಿದ್ದೇನೆ, ಆ ಕೊನೇ ಹನಿ ನೋಡುವ ಖುಷಿ ಮಾತ್ರ ಕಮ್ಮಿ ಆಗಲೇ ಇಲ್ಲ.

40 ಲೀಟರ್ ಎಣ್ಣೆಗೆ 8 ಲೀಟರ್ ಮೆಥನಾಲ್. ಎಣ್ಣೆಯನ್ನು ಮೊದಲೇ 55 ಡಿಗ್ರಿಗೆ ಬಿಸಿ ಮಾಡಿ, ಸೋಡಾ ಕರಗಿಸಿದ ಮೆಥನಾಲ್ ಸೇರಿಸಿ, ಮುಚ್ಚಿದ ಡ್ರಮ್‌ನಲ್ಲಿ ಪಂಪ್‌ನಿಂದ ಒಂದೆರಡು ಗಂಟೆ ಕಲಕಬೇಕು. ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ತಳದಲ್ಲಿ ಕಪ್ಪು ಗ್ಲಿಸರಿನ್ ಕೂತಿರುತ್ತೆ. ಅದನ್ನು ತೆಗೆದು, ಮೇಲಿನದನ್ನು ಮೂರು ಸಲ ನೀರಲ್ಲಿ ತೊಳೆದು ಒಣಗಿಸಬೇಕು. ಗಾಜಿನ ಬಾಟಲಿಗೆ ಹಾಕಿ ಹಿಂದೆ ಕಾಗದ ಹಿಡಿದರೆ ಅಕ್ಷರ ಓದಲು ಬರಬೇಕು. ಮಬ್ಬಾಗಿದ್ದರೆ ಇನ್ನೂ ನೀರಿದೆ.

ಮೆಥನಾಲ್ ಬಗ್ಗೆ ಒಂದು ಮಾತು, ದಯವಿಟ್ಟು ಹಗುರವಾಗಿ ತಗೋಬೇಡಿ. ಅದರ ಆವಿ ವಿಷ, ಕಣ್ಣು ಹೋಗಬಹುದು. ಬೆಂಕಿ ಹತ್ತಿದರೆ ಹಗಲಿನಲ್ಲಿ ಜ್ವಾಲೆ ಕಾಣುವುದೇ ಇಲ್ಲ. ಮನೆಯೊಳಗೆ ಮಾಡಲೇಬಾರದು, ಹತ್ತಿರ ಒಲೆ ಇರಬಾರದು, ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬಾರದು. ಇಂಧನ ತಯಾರಿಸಲು, ಕೂಡಿಡಲು ನಿಮ್ಮಲ್ಲಿ ಏನು ನಿಯಮ ಇದೆ ಅಂತಲೂ ಮೊದಲೇ ವಿಚಾರಿಸಿ.

ನನ್ನ ಮೊದಲ ಡ್ರಮ್ ಪೂರ್ತಿ ಸೋಪಾಯಿತು. ಎಣ್ಣೆಯಲ್ಲಿ ನೀರಿತ್ತು, ನಾನು ನೋಡಿರಲಿಲ್ಲ. ಬೆಳಿಗ್ಗೆ ಮುಚ್ಚಳ ತೆಗೆದರೆ ಗಟ್ಟಿ ಗಂಜಿಯ ಹಾಗೆ ನಿಂತಿದೆ, ಕೋಲು ಹಾಕಿದರೆ ಕೋಲೇ ನಿಂತುಕೊಂಡಿತು. ಆಮೇಲಿಂದ ಒಂದು ಚಮಚ ಎಣ್ಣೆ ಬಾಣಲೆಗೆ ಹಾಕಿ ಕಾಯಿಸಿ, ಚಟಪಟ ಸದ್ದು ಬಂದರೆ ಆ ಎಣ್ಣೆಯ ನೀರು ಹೋಗುವವರೆಗೆ ಕಾಯಿಸಿಕೊಂಡೇ ಮುಂದಿನ ಕೆಲಸ. ಎರಡನೇ ಪೆಟ್ಟು ಕಾರಿಗೆ ಬಿತ್ತು. ಮೊದಲ ವಾರದಲ್ಲೇ ನಡುದಾರಿಯಲ್ಲಿ ಎಂಜಿನ್ ಎಳೆಯದೆ ಸತ್ತಿತು. ಬಯೋಡೀಸೆಲ್ ಟ್ಯಾಂಕಿನ ಹಳೇ ಕೊಳೆಯನ್ನೆಲ್ಲ ಕರಗಿಸಿ ತಂದು ಫಿಲ್ಟರ್‌ಗೆ ತುಂಬಿತ್ತು. ಎರಡು ಫಿಲ್ಟರ್ ಬದಲಾಯಿಸಿದ ಮೇಲೆ ಸರಿಹೋಯಿತು. ಹಳೇ ರಬ್ಬರ್ ಪೈಪುಗಳೂ ಊದಿಕೊಂಡು ಜಿನುಗಲು ಶುರುವಾದವು, ಅವನ್ನು ಬಯೋಡೀಸೆಲ್ ತಡೆದುಕೊಳ್ಳುವ ವೈಟಾನ್ ಎಂಬ ರಬ್ಬರ್‌ನ ಪೈಪಿಗೆ ಬದಲಾಯಿಸಿದೆ. ಬಹಳ ಒತ್ತಡದಲ್ಲಿ ಇಂಧನ ಚಿಮ್ಮಿಸುವ ಹೊಸ ಕಾಮನ್ ರೈಲ್ ಡೀಸೆಲ್ ಎಂಜಿನ್‌ಗೆ ಮಾತ್ರ ಮನೆಯಲ್ಲಿ ಮಾಡಿದ್ದನ್ನು ಹಾಕಬೇಡಿ. ಅದರ ಇಂಜೆಕ್ಟರ್ ಬಹಳ ಸೂಕ್ಷ್ಮ, ಒಂದು ಕೆಟ್ಟರೆ ಉಳಿಸಿದ ದುಡ್ಡೆಲ್ಲ ಅಲ್ಲೇ ಹೋಗುತ್ತದೆ.

ಇಷ್ಟಾದ ಮೇಲೆ ಕಾರು ಚೆನ್ನಾಗಿ ಓಡಿತು. ಸದ್ದು ಕಮ್ಮಿ, ಹೊಗೆ ಕಮ್ಮಿ, ಮೈಲೇಜ್ ತುಸು ಇಳಿಯಿತು ಅಷ್ಟೇ. ಚಳಿ ಜಾಸ್ತಿ ಆದಾಗ ಇಂಧನ ಮಬ್ಬಾಗಿ ಹೆಪ್ಪುಗಟ್ಟುತ್ತೆ, ಆಗ ಅರ್ಧ ಡೀಸೆಲ್ ಬೆರೆಸುತ್ತಿದ್ದೆ.

ಮತ್ತೆ ಬಿಟ್ಟಿದ್ದು ಯಾಕೆ? ಕೈಯಾರೆ ಮಾಡಿದ್ದರಿಂದ ಒಂದು ಲೀಟರ್ ಅಂದ್ರೆ ಏನು ಅಂತ ನನಗೆ ತಿಳಿಯಿತು. 40 ಲೀಟರ್‌ಗೆ ನಾಲ್ಕೈದು ದಿನ, ನನ್ನ ಹತ್ತು ಗಂಟೆ ದುಡಿಮೆ. ಅದು ಸುಮಾರು 560 ಕಿ.ಮೀ.ಗೆ ಮುಗಿಯುತ್ತಿತ್ತು. ಒಂದು ಲೀಟರ್ ಡೀಸೆಲ್‌ನಲ್ಲಿ, ಕರೆಂಟ್ ಬಿಲ್ಲಿನ ಯೂನಿಟ್ (ಕಿಲೋವಾಟ್ ಅವರ್) ಲೆಕ್ಕದಲ್ಲಿ, ಸುಮಾರು 10 ಯೂನಿಟ್ ಶಕ್ತಿ ಇದೆ. ಒಬ್ಬ ಆಳು ದಿನವಿಡೀ ಮೈಮುರಿದು ದುಡಿದರೂ ಆಗುವ ಕೆಲಸ ಅರ್ಧ ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ. ಅಂದರೆ ಒಂದು ಲೀಟರ್‌ನಲ್ಲಿ ಎರಡು ವಾರಕ್ಕೂ ಮಿಕ್ಕಿದ ದುಡಿಮೆ ಕೂತಿದೆ. ಅಂಥದ್ದನ್ನು ಕಾರಿನ ಎಂಜಿನ್ ಏನು ಮಾಡುತ್ತೆ? ಹೆಚ್ಚುಕಡಿಮೆ ಮುಕ್ಕಾಲು ಪಾಲನ್ನು ಬಿಸಿ ಮಾಡಿ ರೇಡಿಯೇಟರ್‌ನಿಂದ, ಸೈಲೆನ್ಸರ್‌ನಿಂದ ಹೊರಗೆ ಬಿಡುತ್ತೆ. ಹನಿ ಎಣಿಸಿ ಮಾಡಿದವನಿಗೆ ಇದು ನಿಜಕ್ಕೂ ಹೊಟ್ಟೆ ಉರಿಸುತ್ತದೆ. ಅದೂ ಅಲ್ಲದೆ ಪ್ರಪಂಚ ದಿನಕ್ಕೆ ಸುಮಾರು 10 ಕೋಟಿ ಬ್ಯಾರೆಲ್ ತೈಲ ಬಳಸುತ್ತಿದೆ, ಒಂದು ಬ್ಯಾರೆಲ್ ಅಂದ್ರೆ 159 ಲೀಟರ್. ಕರಿದ ಎಣ್ಣೆ ನನ್ನಂಥ ಕೆಲವರಿಗೆ ಸಾಕು, ಎಲ್ಲರಿಗೂ ಸಾಕಾಗಲು ಸಾಧ್ಯವೇ ಇಲ್ಲ.

ಲೆಕ್ಕ ಹಾಕಿದೆ. ನನ್ನ ಹಳೇ ಕಾರಿಗೆ 100 ಕಿ.ಮೀ.ಗೆ ಬೇಕಿದ್ದದ್ದು 65 ಯೂನಿಟ್‌ಗೂ ಮೇಲೆ. ಎಲೆಕ್ಟ್ರಿಕ್ ಕಾರಿಗೆ ಚಾರ್ಜಿಂಗ್‌ನಲ್ಲಿ ಹೋಗುವುದನ್ನೂ ಸೇರಿಸಿ ಸುಮಾರು 17. ಕರೆಂಟ್ ಪೂರ್ತಿ ಕಲ್ಲಿದ್ದಲಿನದಾದರೆ ಈ ಲಾಭದಲ್ಲಿ ಬಹಳಷ್ಟು ಹೋಗಿಬಿಡುತ್ತೆ, ಅದು ನಿಜ. ಆದರೆ ನಾಳೆ ಬಿಸಿಲಿನ, ಗಾಳಿಯ ಕರೆಂಟ್ ಜಾಸ್ತಿ ಆದರೆ ಅದೇ ಕಾರು ಏನೂ ಬದಲಾಯಿಸದೆ ಸ್ವಚ್ಛ ಆಗುತ್ತೆ. ಈ ಮಾತಿಗೇ ನಾನು ಒಪ್ಪಿದ್ದು.

ಬೇರೆ ದಾರಿಗಳನ್ನೂ ನೋಡಿದೆ. ಸಿಎನ್‌ಜಿ ಖರ್ಚು ಉಳಿಸಬಹುದು, ಆದರೆ ಅದೂ ನೆಲದಿಂದ ತೆಗೆಯುವ ಇಂಧನವೇ. ಎಥನಾಲ್‌ನಲ್ಲಿ ಲೀಟರ್‌ಗೆ ಪೆಟ್ರೋಲ್‌ನ ಮೂರನೇ ಎರಡು ಭಾಗ ಶಕ್ತಿ, ಮೇಲೆ ಅದಕ್ಕೆ ಹೊಲವೂ ಬೇಕು, ನೀರೂ ಬೇಕು. ಕರೆಂಟ್‌ನಿಂದ ಹೈಡ್ರೋಜನ್ ಮಾಡಿ, ಒತ್ತಿ ತುಂಬಿ, ಮತ್ತೆ ಕರೆಂಟ್ ಮಾಡುವಷ್ಟರಲ್ಲಿ ಚಕ್ರಕ್ಕೆ ಉಳಿಯುವುದು ಮೂರನೇ ಒಂದು ಭಾಗದ ಆಸುಪಾಸು. ಕಾರಿಗೆ ಅದು ಬೇಡ ಅಂತ ನನ್ನ ಅಭಿಪ್ರಾಯ.

ಎಲೆಕ್ಟ್ರಿಕ್‌ನಲ್ಲಿ ಮೊದಲು ಕಲಿತದ್ದು ವೇಗದ ಲೆಕ್ಕ. 80ರಿಂದ 110ಕ್ಕೆ ಏರಿಸಿದರೆ ಗಾಳಿಯ ತಡೆ ಹತ್ತಿರ ಹತ್ತಿರ ಎರಡು ಪಟ್ಟು, ರೇಂಜ್, ಅಂದರೆ ಒಂದು ಚಾರ್ಜಿಗೆ ಓಡುವ ದೂರ, ಇಳಿಯುವುದು ಕಣ್ಣೆದುರೇ ಕಾಣುತ್ತೆ. ಡೀಸೆಲ್ ಕಾರಿನಲ್ಲೂ ಇದು ಇದ್ದೇ ಇತ್ತು, ನಾನು ಗಮನಿಸಿರಲಿಲ್ಲ.

ಡ್ರಮ್, ಪಂಪ್ ಎಲ್ಲಾ ಈಗ ಒಬ್ಬ ಗೆಳೆಯನ ಹತ್ತಿರ ಇವೆ. ನೀರೆತ್ತುವ ಹಳೇ ಎಂಜಿನ್‌ಗೆ ಅವನು ಅದರಲ್ಲೇ ಇಂಧನ ಮಾಡಿಕೊಳ್ಳುತ್ತಾನೆ. ಹೊಸ ಡಬ್ಬ ಬಂದಾಗ ಫೋನ್ ಮಾಡುತ್ತಾನೆ. ಹೋಗುತ್ತೇನೆ, ಲೋಟ ಹಿಡಿದು ಹನಿ ಎಣಿಸುತ್ತೇನೆ.