ಸೀಜ್ ಆದ 58 ಸಿಸಿ ಚೈನ್‌ಸಾ: ಬೋರ್ ಕಿಟ್ ತರುವ ಮೊದಲು ಗಾಳಿ ಎಲ್ಲಿ ಸೋರುತ್ತಿದೆ ನೋಡಿ

ಮಲೆನಾಡಿನ ತೋಟಗಳಲ್ಲಿ ಸಿಲ್ವರ್ ಓಕ್ ಕೊಯ್ಯಲಿಕ್ಕೆ, ಮಳೆಗಾಲದಲ್ಲಿ ದಾರಿಗೆ ಅಡ್ಡ ಬಿದ್ದ ಮರ ಬಿಡಿಸಲಿಕ್ಕೆ 58 ಸಿಸಿಯ ಚೀನಾ ಮಾದರಿ ಚೈನ್‌ಸಾ ತುಂಬಾ ಬಳಕೆಯಲ್ಲಿದೆ. ಸೆಕೆಂಡ್‌ಹ್ಯಾಂಡ್ ಸಿಕ್ಕರೆ ಅದು ಸೀಜ್ ಆಗಿರುವ, ಅಂದರೆ ಪಿಸ್ಟನ್ ಬೋರಿನಲ್ಲಿ ಹಿಡಿದುಕೊಂಡಿರುವ ಸಂಭವವೇ ಹೆಚ್ಚು. 45.2 ಮಿ.ಮೀ. ಬೋರ್ ಕಿಟ್ (ಬೋರ್ ಅಂದರೆ ಸಿಲಿಂಡರ್, ಜೊತೆಗೆ ಪಿಸ್ಟನ್, ರಿಂಗ್) ತಂದು ಹಾಕಿದ ಎರಡೇ ವಾರಕ್ಕೆ ಮತ್ತೆ ಹಿಡಿದುಕೊಂಡಿತು, ಕಿಟ್ಟೇ ಕಳಪೆ ಅನ್ನುವವರಿದ್ದಾರೆ. ಸಾಮಾನ್ಯವಾಗಿ ತಪ್ಪು ಕಿಟ್ಟಿನದಲ್ಲ. ಹಳೆಯ ಪಿಸ್ಟನ್ನನ್ನು ತಿಂದ ಕಾರಣ ಒಳಗೆ ಹಾಗೇ ಉಳಿದಿರುತ್ತದೆ, ಹೊಸದನ್ನೂ ಅದೇ ತಿನ್ನುತ್ತದೆ.

ಹಾಗಾಗಿ ನಾನು ಮೊದಲು ಬಿಚ್ಚುವುದು ಸೈಲೆನ್ಸರ್. ಎರಡು ಬೋಲ್ಟ್ ತೆಗೆದು ಟಾರ್ಚ್ ಬಿಟ್ಟರೆ ಪಿಸ್ಟನ್ನಿನ ಮೈ ಕಾಣುತ್ತದೆ. ಸೈಲೆನ್ಸರ್ ಕಡೆ ಮಾತ್ರ ಉದ್ದುದ್ದ ಗೀರು ಬಿದ್ದಿದ್ದರೆ ಪೆಟ್ರೋಲ್ ಕಡಿಮೆಯಾಗಿ ಗಾಳಿ ಹೆಚ್ಚಾಗಿ ಓಡಿದೆ. ಎಲ್ಲಿಂದಲೋ ಗಾಳಿ ಸೋರುತ್ತಿದೆ, ಇಲ್ಲವೇ ಕಾರ್ಬೊರೇಟರಿನ ಎಚ್ ಸ್ಕ್ರೂ (ಪೂರ್ತಿ ವೇಗದಲ್ಲಿ ಪೆಟ್ರೋಲ್ ಎಷ್ಟು ಬರಬೇಕೆಂದು ಹೊಂದಿಸುವುದು) ಅತಿಯಾಗಿ ಬಿಗಿಯಾಗಿದೆ. ಸುತ್ತಲೂ ಗೀರಿದ್ದರೆ ಎಣ್ಣೆ ಬೆರೆಸದ ಪೆಟ್ರೋಲ್ ಕುಡಿದಿದೆ, ಅಥವಾ ಬೋರಿನ ರೆಕ್ಕೆಗಳಲ್ಲಿ ಮರದ ಹುಡಿ ಗಟ್ಟಿಯಾಗಿ ಕೂತು ತಣಿಯದೆ ಹೋಗಿದೆ. ಕಾರ್ಬೊರೇಟರ್ ಕಡೆಯ ಮೈ ಹೊಳಪಿಲ್ಲದೆ ಬೂದು ಬಣ್ಣಕ್ಕೆ ಸವೆದಿದ್ದರೆ ಏರ್ ಫಿಲ್ಟರ್ ಸಂದಿಯಿಂದ ಧೂಳು ಒಳಹೋಗಿದೆ. ಆ ಒಂದು ನೋಟಕ್ಕೇ ಅರ್ಧ ಉತ್ತರ ಸಿಗುತ್ತದೆ.

ಗೀರಿಲ್ಲದಿದ್ದರೆ ಕಂಪ್ರೆಷನ್ ನೋಡಬೇಕು. ಪ್ಲಗ್ ತೂತಿಗೆ ಕಂಪ್ರೆಷನ್ ಗೇಜ್ ಹಾಕಿ, ಆ್ಯಕ್ಸಿಲರೇಟರ್ ಪೂರ್ತಿ ಒತ್ತಿ, ಗೇಜಿನ ಮುಳ್ಳು ಏರುವುದು ನಿಲ್ಲುವ ತನಕ ಹಗ್ಗ ಎಳೆಯಿರಿ. 150 ಪಿಎಸ್‌ಐ ಬಂದರೆ ಚೆನ್ನಾಗಿದೆ. 110ಕ್ಕಿಂತ ಕೆಳಗಾದರೆ ಬಿಸಿಯಾದ ಮೇಲೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ.

ಕ್ಲಚ್ ಬಿಚ್ಚುವಾಗ ಇಂಜಿನ್ ತಿರುಗದಂತೆ ತಡೆಯಲು ಪ್ಲಗ್ ತೂತಿನಿಂದ ನೈಲಾನ್ ಹಗ್ಗ ತುರುಕುತ್ತೇನೆ. ಪಿಸ್ಟನ್ ಮೇಲೇರಿ ಸೈಲೆನ್ಸರ್ ಕಿಂಡಿ ಪೂರ್ತಿ ಮುಚ್ಚಿದ ಮೇಲೆಯೇ ಹಗ್ಗ ಹಾಕಬೇಕು. ಇಲ್ಲದಿದ್ದರೆ ಹಗ್ಗ ಕಿಂಡಿಯೊಳಗೆ ಇಳಿದು ಪಿಸ್ಟನ್ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಕ್ಲಚ್ಚಿನದು ಎಡಮರೆ: ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಮ್ಯಾಗ್ನೆಟ್ ಕಡೆಯ ನಟ್ ಮಾಮೂಲಿಯದೇ.

ಬೋರಿನಲ್ಲಿ ಕಾಣುವ ಗೀರೆಲ್ಲ ಬೋರಿನದ್ದಲ್ಲ. ಬಹಳ ಸಲ ಅದು ಪಿಸ್ಟನ್ನಿನಿಂದ ಕರಗಿ ಅಂಟಿದ ಅಲ್ಯೂಮಿನಿಯಂ. ಕೈಗವಸು, ಕನ್ನಡಕ ಹಾಕಿಕೊಂಡು, ಗಾಳಿಯಾಡುವ ಜಾಗದಲ್ಲಿ, ಟಾಯ್ಲೆಟ್ ತೊಳೆಯುವ ಹೈಡ್ರೋಕ್ಲೋರಿಕ್ ಆ್ಯಸಿಡ್ಡನ್ನು ಹತ್ತಿಕಡ್ಡಿಯಲ್ಲಿ ಆ ಗೀರಿಗಷ್ಟೇ ಸವರಬೇಕು. ನೊರೆ ಬಂದಷ್ಟು ಹೊತ್ತು ಅಲ್ಯೂಮಿನಿಯಂ ಕರಗುತ್ತಿದೆ ಎಂದರ್ಥ. ಒರೆಸಿ, ಮತ್ತೆ ಸವರಿ, ನೊರೆ ನಿಂತ ಮೇಲೆ ಚೆನ್ನಾಗಿ ನೀರಲ್ಲಿ ತೊಳೆದು, 400 ನಂಬರಿನ ಪೇಪರಿನಲ್ಲಿ ಓರೆಯಾಗಿ ಹಗುರಕ್ಕೆ ಉಜ್ಜಿದರೆ ಸಾಕು. ಕಿಂಡಿಗಳ ಅಂಚಿಗೆ ಆ್ಯಸಿಡ್ ತಾಗಬಾರದು, ಅಲ್ಲಿ ಲೇಪನವಿಲ್ಲದ ಲೋಹ ಇರುತ್ತದೆ. ಎಷ್ಟು ಸವರಿದರೂ ಒಂದೇ ಜಾಗದಲ್ಲಿ ನೊರೆ ನಿಲ್ಲದಿದ್ದರೆ ಒಳಲೇಪನವೇ ಎದ್ದುಹೋಗಿದೆ, ಬೋರ್ ಬದಲಿಸಲೇಬೇಕು.

ಹೊಸ ರಿಂಗನ್ನು ಬರೀ ಬೋರಿನೊಳಗೆ ನೇರವಾಗಿ ಕೂರಿಸಿ, ತುದಿಗಳ ಸಂದು ಅಳೆಯಿರಿ. 0.2ರಿಂದ 0.3 ಮಿ.ಮೀ. ಸರಿ. ಪಿಸ್ಟನ್ ಮೇಲಿನ ಬಾಣ ಸೈಲೆನ್ಸರ್ ಕಡೆಗಿರಬೇಕು, ರಿಂಗಿನ ತುದಿಗಳು ಪಿಸ್ಟನ್ನಿನ ರಿಂಗ್ ತೋಡಿನಲ್ಲಿರುವ ಪುಟ್ಟ ಪಿನ್ನಿಗೆ ಎರಡೂ ಬದಿಯಿಂದ ಬರಬೇಕು. ಪಿನ್ ತಪ್ಪಿ ಕೂತ ರಿಂಗ್ ಬೋರಿನೊಳಗೆ ಹೋಗುವಾಗಲೇ ಮುರಿಯುತ್ತದೆ. ಪಿಸ್ಟನ್ ಪಿನ್ ಜಾರದಂತೆ ಹಿಡಿಯುವ ಸರ್ಕ್ಲಿಪ್ ಹಾಕುವಾಗ ಕೆಳಗೆ ಬಟ್ಟೆ ತುರುಕಿ. ಹಳೆಯ ಸರ್ಕ್ಲಿಪ್ ಮತ್ತೆ ಹಾಕುವುದು ಬೇಡವೇ ಬೇಡ.

ಇನ್ನು ಮುಖ್ಯವಾದ ಕೆಲಸ, ಸೋರಿಕೆ ಪರೀಕ್ಷೆ. ಇದಕ್ಕೆ ನಾನು ಬಳಸುವುದು ರಕ್ತದೊತ್ತಡ ನೋಡುವ ಹಳೇ ಬಿಪಿ ಯಂತ್ರದ ಬಲ್ಬ್ ಮತ್ತು ಗೇಜ್. ಹಳೆಯ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಟೊಳ್ಳಿಗೆ ಪೈಪ್ ತೂರಿಸಿ ಎಂ-ಸೀಲ್ ಹಾಕಿದರೆ ಕನೆಕ್ಟರ್ ಆಯಿತು. ಸೈಕಲ್ ಟ್ಯೂಬಿನ ತುಂಡನ್ನು ಸೈಲೆನ್ಸರ್ ಕೆಳಗೊಂದು, ಕಾರ್ಬೊರೇಟರ್ ಜಾಗದಲ್ಲೊಂದು ಇಟ್ಟು ಬಿಗಿಯಿರಿ. ಪಿಸ್ಟನ್ ಪೂರ್ತಿ ಕೆಳಗಿರಲಿ, ಆಗ ಬೋರೂ ಅದರ ಕೆಳಗಿನ ಕ್ರ್ಯಾಂಕ್‌ಕೇಸೂ ಒಂದಾಗುತ್ತವೆ. ಗೇಜಿನಲ್ಲಿ 260 ಮಿ.ಮೀ.ವರೆಗೆ ಒತ್ತಿದರೆ ಸುಮಾರು 5 ಪಿಎಸ್‌ಐ. ಒಂದು ನಿಮಿಷ ಮುಳ್ಳು ಕದಲಬಾರದು. ಇಳಿದರೆ ಸೋಪಿನ ನೀರು ಬಳಿಯಿರಿ: ಬೋರಿನ ಬುಡ, ಎರಡು ಕಡೆಯ ಆಯಿಲ್ ಸೀಲ್, ಕ್ರ್ಯಾಂಕ್‌ಕೇಸಿನ ಜೋಡಣೆ, ಕಾರ್ಬೊರೇಟರ್ ಹಿಂದಿನ ಪ್ಯಾಕಿಂಗ್. ಗುಳ್ಳೆ ಎದ್ದಲ್ಲೇ ಕಳ್ಳ ಇದ್ದಾನೆ. ಒತ್ತಡ ತಡೆದ ಸೀಲ್ ಕೂಡ ಒಳಕ್ಕೆ ಎಳೆಯುವಾಗ ಬಾಯಿ ಬಿಡುವುದುಂಟು. ಬೈಕಿನ ಬ್ರೇಕ್ ಆಯಿಲ್ ಎಳೆಯುವ ಕೈಪಂಪಿನಿಂದ ಅರ್ಧ ಬಾರಿನಷ್ಟು ನಿರ್ವಾತ ಹಿಡಿದು ಅದನ್ನೂ ನೋಡಬೇಕು.

ಕಾರ್ಬೊರೇಟರ್ ಪ್ಯಾಕಿಂಗಿನಲ್ಲಿ ಒಂದು ಪುಟ್ಟ ತೂತಿದೆ. ಕ್ರ್ಯಾಂಕ್‌ಕೇಸಿನ ಒತ್ತಡದ ಏರಿಳಿತ ಅದರ ಮೂಲಕವೇ ಹೋಗಿ ಪೆಟ್ರೋಲ್ ಪಂಪ್ ನಡೆಸುವುದು. ಪ್ಯಾಕಿಂಗ್ ತಿರುಗಾಮುರುಗಾ ಹಾಕಿ ಅದು ಮುಚ್ಚಿದರೆ, ಪ್ಲಗ್ ತೂತಿಗೆ ಪೆಟ್ರೋಲ್ ಬಿಟ್ಟಾಗ ಮಾತ್ರ ಎರಡು ಸೆಕೆಂಡ್ ಓಡಿ ನಿಲ್ಲುತ್ತದೆ. ಕಾರ್ಬೊರೇಟರಿನ ಡಯಾಫ್ರಾಮ್ (ತೆಳು ಪೊರೆ) ಕಿಟ್ ಹಾಕುವಾಗ, ಅದರ ಕೆಳಗಿರುವ ಹಳೆಯ ಲಿವರಿನ ಎತ್ತರ ಮೊದಲೇ ಅಳೆದಿಟ್ಟು ಹೊಸದನ್ನೂ ಅಷ್ಟಕ್ಕೇ ಹೊಂದಿಸಿ. ಪೆಟ್ರೋಲ್ ಪೈಪ್, ಟ್ಯಾಂಕಿನೊಳಗಿನ ಫಿಲ್ಟರ್ ಎರಡನ್ನೂ ಬದಲಿಸುವುದು ಒಳ್ಳೆಯದು. ಇ-20 ಪೆಟ್ರೋಲಿನಲ್ಲಿ 20 ಶೇಕಡಾ ಎಥೆನಾಲ್ ಇದೆ. ಅದು ಹಳೆಯ ರಬ್ಬರನ್ನು ಹಾಳುಮಾಡುತ್ತದೆ, ಮಳೆಗಾಲದ ತೇವವನ್ನೂ ಹೀರುತ್ತದೆ. ಇದಕ್ಕಿಂತ ದೊಡ್ಡ ವಿಷಯ: ಅದೇ ಸ್ಕ್ರೂ ಸ್ಥಾನದಲ್ಲಿ ಇ-20 ಹಾಕಿದರೆ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಕಡಿಮೆ ಬೀಳುತ್ತದೆ. ಇ-20ಕ್ಕೆ ಮೊದಲಿನ ಪೆಟ್ರೋಲಿಗೆ ಟ್ಯೂನ್ ಮಾಡಿಟ್ಟ ಮಷಿನ್‌ಗಳನ್ನು ಮತ್ತೊಮ್ಮೆ ಟ್ಯೂನ್ ಮಾಡಲೇಬೇಕು.

ಪ್ಲಗ್ ಸಂದು 0.6 ಮಿ.ಮೀ., ಕಾಯಿಲಿಗೂ ಮ್ಯಾಗ್ನೆಟ್ಟಿಗೂ ನಡುವೆ 0.3 ಮಿ.ಮೀ. ದಪ್ಪ ವಿಸಿಟಿಂಗ್ ಕಾರ್ಡ್ ಸಾಕು.

ಟ್ಯೂನಿಂಗಿಗೆ ಮೊದಲು ಫಿಲ್ಟರ್ ಶುದ್ಧವಿರಲಿ, ಬಾರ್ ಮತ್ತು ಚೂಪಾದ ಚೈನ್ ಜೋಡಿಸಿರಲಿ. ಲೀಟರಿಗೆ 40 ಮಿ.ಲೀ. ಟೂ-ಟಿ ಆಯಿಲ್, ಅಂದರೆ 25ಕ್ಕೆ 1. ಎಲ್ (ಕಡಿಮೆ ವೇಗದ ಪೆಟ್ರೋಲ್ ಸ್ಕ್ರೂ), ಎಚ್ ಎರಡನ್ನೂ ಮೆಲ್ಲಗೆ ಕೂರುವ ತನಕ ತಿರುಗಿಸಿ, ಅಲ್ಲಿಂದ ಒಂದೂವರೆ ಸುತ್ತು ಬಿಚ್ಚಿ. ಜೋರಾಗಿ ಬಿಗಿದರೆ ಸೂಜಿಯ ತುದಿಯೂ ಅದರ ಕೂರುಜಾಗವೂ ಹಾಳು. ನಾಲ್ಕೈದು ನಿಮಿಷ ಬಿಸಿಯಾದ ಮೇಲೆ ಎಲ್ ಸ್ಕ್ರೂವಿನಿಂದ ಐಡ್ಲಿಂಗ್ ಅತಿ ಹೆಚ್ಚು ಬರುವ ಜಾಗ ಹುಡುಕಿ, ಅಲ್ಲಿಂದ ಅರೆಕಾಲು ಸುತ್ತು ಬಿಚ್ಚಬೇಕು. ಆ್ಯಕ್ಸಿಲರೇಟರ್ ಒತ್ತಿದ ಕೂಡಲೇ ತಡವರಿಸದೆ ಏರಬೇಕು. ಆಮೇಲೆ ಐಡ್ಲಿಂಗ್ ಸ್ಕ್ರೂವಿನಿಂದ 2,800 ಆರ್‌ಪಿಎಂ ಆಸುಪಾಸಿಗೆ ತಂದು ನಿಲ್ಲಿಸಿ. ಚೈನ್ ತಿರುಗಲೇಬಾರದು.

ಎಚ್ ಸ್ಕ್ರೂವಿಗೆ ಕಿವಿ ಬೇಕು. ಮರಕ್ಕೆ ತಾಗಿಸದೆ ಪೂರ್ತಿ ಒತ್ತಿ, ಮೂರು ಸೆಕೆಂಡಿಗಿಂತ ಹೆಚ್ಚು ಬೇಡ. ಸದ್ದು ನುಣುಪಾಗಿ ಕಿರುಚುತ್ತಿದ್ದರೆ ಮಿಶ್ರಣ ತೆಳು, ಕೂಡಲೇ ಸ್ಕ್ರೂ ಬಿಚ್ಚಿ. ಸ್ವಲ್ಪ ಬಡಬಡ ಎನ್ನುವ ಒಡಕು ಸದ್ದು ಇರಬೇಕು, ಮರಕ್ಕೆ ಇಟ್ಟ ಕೂಡಲೇ ಅದು ತಿಳಿಯಾಗಬೇಕು. ಮರದಲ್ಲೂ ಬಡಬಡ ನಿಲ್ಲದಿದ್ದರೆ ಪೆಟ್ರೋಲ್ ಜಾಸ್ತಿ. ಪ್ಲಗ್ ವೈರಿಗೆ ಸುತ್ತುವ ಆರ್‌ಪಿಎಂ ಮೀಟರ್ ಇದ್ದರೆ 11,000 ದಾಟಲು ಬಿಡುವುದಿಲ್ಲ. ಆ್ಯಕ್ಸಿಲರೇಟರ್ ಬಿಟ್ಟ ಮೇಲೂ ವೇಗ ಇಳಿಯಲು ತಡಮಾಡಿದರೆ, ಅಥವಾ ಮಗ್ಗುಲಿಗೆ ವಾಲಿಸಿದಾಗ ಐಡ್ಲಿಂಗ್ ಏರಿದರೆ, ಸ್ಕ್ರೂ ತಿರುಗಿಸುವುದನ್ನು ಅಲ್ಲಿಗೇ ನಿಲ್ಲಿಸಿ ಸೋರಿಕೆ ಪರೀಕ್ಷೆಗೆ ಮರಳಬೇಕು. ಸೋರಿಕೆಯನ್ನು ಸ್ಕ್ರೂವಿನಿಂದ ಮುಚ್ಚಲಾಗದು.

ಹೊಸ ಪಿಸ್ಟನ್ನಿಗೆ ಮೊದಲ ಮೂರು ಟ್ಯಾಂಕ್ ಎಚ್ ಸ್ವಲ್ಪ ಸಡಿಲವೇ ಇರಲಿ. ಸಾವಿರ ಮೀಟರಿಗಿಂತ ಎತ್ತರದ ಮಡಿಕೇರಿಯಲ್ಲಿ ಟ್ಯೂನ್ ಮಾಡಿದ ಮಷಿನ್ನನ್ನು ಘಟ್ಟ ಇಳಿಸಿ ಮಂಗಳೂರಿನ ಕಡೆ ಒಯ್ದರೆ ಅಲ್ಲಿ ಗಾಳಿ ದಟ್ಟ, ಮಿಶ್ರಣ ತೆಳುವಾಗುತ್ತದೆ. ಅಲ್ಲಿ ಮೊದಲ ಮರಕ್ಕೆ ಇಡುವ ಮುನ್ನವೇ ಎಚ್ ಸ್ಕ್ರೂವನ್ನು ಒಂದಿಷ್ಟು ಬಿಚ್ಚಿ, ಸದ್ದು ಕೇಳಿಕೊಂಡು ಮತ್ತೆ ಹೊಂದಿಸಿ.