ಮಧ್ಯಯುಗದ ಮರುಸೃಷ್ಟಿ: ಪಾತ್ರ ಕಟ್ಟುವ ಬಗೆ, ಗಿಲ್ಡ್ ನಡೆಸುವ ಬಗೆ

ಮಧ್ಯಯುಗದ ಬದುಕನ್ನು ಮರುಸೃಷ್ಟಿಸುವ ಹವ್ಯಾಸಕ್ಕೆ ಹೊಸದಾಗಿ ಬಂದವರು ಸಾಮಾನ್ಯವಾಗಿ ತಾವು ತಾಳುವ ಪಾತ್ರಕ್ಕೊಂದು ಕಥೆ ಹೆಣೆಯುವುದರಿಂದ ಶುರು ಮಾಡುತ್ತಾರೆ. ಅಪ್ಪ ಯುದ್ಧದಲ್ಲಿ ಸತ್ತ, ಹಡಗು ಮುಳುಗಿತು, ಕಡಲ್ಗಳ್ಳರು ಹೊತ್ತೊಯ್ದರು, ಕೊನೆಗೆ ಯಾವುದೋ ರಾಜನ ಆಸ್ಥಾನ ಸೇರಿದ. ಕೇಳಲು ಚೆನ್ನಾಗಿದೆ. ಆದರೆ ಮೊದಲ ಕೂಟಕ್ಕೆ ಹೊರಡುವಾಗ ಯಾವ ಬಟ್ಟೆ ಕೊಳ್ಳಬೇಕು, ಅಂಗಿಗೆ ಗುಂಡಿ ಇರಬೇಕೋ ಬೇಡವೋ, ತಟ್ಟೆಯಲ್ಲಿ ಏನಿರಬೇಕು ಎಂದು ಆ ಕಥೆ ಹೇಳುವುದಿಲ್ಲ. ಪಾತ್ರ ಇರುವುದೇ ಇಂಥ ಸಣ್ಣ ಪ್ರಶ್ನೆಗಳಿಗೆ ಉತ್ತರ ಕೊಡಲಿಕ್ಕೆ. ಹಾಗಾಗಿ ಕಥೆಯನ್ನು ಕೊನೆಗಿಡಿ. ಮೊದಲು ಮೂರು ಸಂಗತಿ ಬರೆದುಕೊಳ್ಳಿ: ಒಂದು ಇಸವಿ, ಒಂದು ಊರು, ಒಂದು ಹೊಟ್ಟೆಪಾಡು.

ಇಸವಿ ಒಂದೇ ಇರಲಿ

ಕ್ಯಾಲಿಫೋರ್ನಿಯಾದಲ್ಲಿ 1966ರಲ್ಲಿ ಹುಟ್ಟಿದ ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂನಂಥ ದೊಡ್ಡ ಸಂಘಗಳು 17ನೇ ಶತಮಾನಕ್ಕೆ ಮುಂಚಿನ ಯಾವ ಕಾಲವನ್ನಾದರೂ ಒಪ್ಪುತ್ತವೆ. ಅಷ್ಟು ಅಗಲದ ಬಯಲಿನಲ್ಲಿ ನಿಂತವರಿಗೆ ದಿಕ್ಕು ತೋಚುವುದಿಲ್ಲ. "14ನೇ ಶತಮಾನದ ಇಂಗ್ಲೆಂಡ್" ಎಂದರೂ ಸಾಲದು. 1310ರ ಅಂಗಿ ಸಡಿಲ, ತಲೆಯ ಮೇಲಿಂದ ಹಾಕಿಕೊಳ್ಳುವಂಥದ್ದು. 1390ರದ್ದು ಮೈಗಂಟಿ ನಿಂತು, ಎದೆಯುದ್ದಕ್ಕೂ ತೋಳಿನುದ್ದಕ್ಕೂ ಗುಂಡಿ ಹೊತ್ತಿರುವಂಥದ್ದು. ಒಂದು ಇಸವಿ ಆರಿಸಿ. ಆಧಾರ ಹುಡುಕುವಾಗ ಅದರ ಹಿಂದೆ ಮುಂದೆ ಹತ್ತು ಹದಿನೈದು ವರ್ಷ ಸಡಿಲ ಬಿಟ್ಟುಕೊಳ್ಳಿ.

ನಂತರ ಪಾತ್ರದ ವಯಸ್ಸು ಇಟ್ಟು ಹಿಂದಕ್ಕೆ ಲೆಕ್ಕ ಹಾಕಿ. 1380ರಲ್ಲಿ ಲಂಡನ್ನಿನಲ್ಲಿ 30 ವರ್ಷದ ಹೆಂಗಸು ಎಂದುಕೊಳ್ಳಿ. ಅವಳು ಹುಟ್ಟಿದ್ದು 1350ರಲ್ಲಿ. 1348ರಲ್ಲಿ ಬಂದ ಮಹಾಮಾರಿಯಲ್ಲಿ ಬದುಕುಳಿದವರ ಮಗಳು. 1361ರಲ್ಲಿ ಪ್ಲೇಗು ಮತ್ತೆ ಬಂದಾಗ ಅವಳಿಗೆ 11. ಮೂರನೇ ಎಡ್ವರ್ಡ್ 1377ರಲ್ಲಿ ಸತ್ತು ಬಾಲಕ ಎರಡನೇ ರಿಚರ್ಡ್ ಪಟ್ಟಕ್ಕೆ ಬಂದದ್ದು, ತಲೆಗಂದಾಯದ ಹೊರೆ ಬಿದ್ದದ್ದು ಎಲ್ಲ ಅವಳ ಕಣ್ಣೆದುರಿನ ಸಂಗತಿ. 1381ರ ರೈತರ ದಂಗೆ ಮಾತ್ರ ಅವಳಿಗೆ ಗೊತ್ತಿಲ್ಲ, ಏಕೆಂದರೆ ಅದಿನ್ನೂ ಆಗಿಲ್ಲ. ಇಷ್ಟನ್ನು ಅರ್ಧ ಹಾಳೆಯಲ್ಲಿ ಬರೆದಿಟ್ಟರೆ ಹಡಗು ಮುಳುಗಿಸದೆಯೇ ಕಥೆ ತಾನಾಗಿ ಸಿದ್ಧವಾಗಿರುತ್ತದೆ.

ಪಕ್ಕದಲ್ಲೇ "ಇಲ್ಲ" ಎಂಬ ಪಟ್ಟಿಯೂ ಇರಲಿ. 1492ಕ್ಕೆ ಮೊದಲಿನ ಯುರೋಪಿನ ಪಾತ್ರಕ್ಕೆ ಆಲೂಗೆಡ್ಡೆ, ಟೊಮೇಟೊ, ಮೆಣಸಿನಕಾಯಿ, ಮೆಕ್ಕೆಜೋಳ, ಹೊಗೆಸೊಪ್ಪು ಇಲ್ಲ. 13ನೇ ಶತಮಾನದ ಕೊನೆಯ ದಶಕಗಳಿಗೆ ಮುಂಚೆ ಕನ್ನಡಕ ಇಲ್ಲ. 1450ರ ಆಸುಪಾಸಿಗೆ ಮೊದಲು ಅಚ್ಚಿನ ಪುಸ್ತಕ ಇಲ್ಲ. ವೈಕಿಂಗ್ ಕಾಲದ ಪಾತ್ರದ ಕೈಯಲ್ಲಿ ರಾಟೆ ಇರುವಂತಿಲ್ಲ, ತಕಲಿಯೇ ಇರಬೇಕು. (ನಿಮಗೆ ನಿಜವಾಗಿ ಕನ್ನಡಕ ಬೇಕಿದ್ದರೆ ಹಾಕಿಕೊಳ್ಳಿ. ಕಾಣದೆ ಎಡವುವುದರಿಂದ ಯಾವ ಕಾಲವೂ ಮರುಸೃಷ್ಟಿಯಾಗುವುದಿಲ್ಲ.)

ಹೊಟ್ಟೆಪಾಡಿನ ವಿಷಯದಲ್ಲಿ ನಮ್ಮ ಸಲಹೆ ಒಂದೇ: ಪಟ್ಟಣದ ಕಸುಬುದಾರರಾಗಿ. ಸಾಮಂತನ ಪಾತ್ರಕ್ಕೆ ರೇಷ್ಮೆ, ತುಪ್ಪಳ, ಕುದುರೆ, ಆಳುಕಾಳು ಎಲ್ಲ ಬೇಕು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಉಳಿದದ್ದು ನಾಟಕದ ವೇಷದಂತೆ ಕಾಣುತ್ತದೆ. ನೇಕಾರಳ ಉಣ್ಣೆಯ ನಿಲುವಂಗಿಯನ್ನು ಒಬ್ಬರೇ ಕೂತು ಪೂರ್ತಿ ಸರಿಯಾಗಿ ಮಾಡಬಹುದು. ಮುಂದೆ ಗಿಲ್ಡ್‌ನಲ್ಲಿ, ಅಂದರೆ ಒಂದೇ ಕಸುಬಿನವರ ಕೂಟದಲ್ಲಿ, ಕಲಿಯುವ ಕೆಲಸವೇ ಪಾತ್ರದ ಕಸುಬಾದರೆ ಎರಡೂ ಒಂದನ್ನೊಂದು ಬೆಳೆಸುತ್ತವೆ.

ಹೆಸರು

ಹೆಸರು ಮತ್ತು ಉಪನಾಮ ಎರಡೂ ಒಂದೇ ಊರಿನ, ಒಂದೇ ಕಾಲದ ದಾಖಲೆಯಿಂದ ಬರಬೇಕು. ಅದಕ್ಕೆ ತೆರಿಗೆ ಪಟ್ಟಿಗಳಷ್ಟು ಒಳ್ಳೆಯ ಗಣಿ ಬೇರೆ ಇಲ್ಲ: ಪ್ಯಾರಿಸ್ಸಿನ 1292ರ ಕಂದಾಯ ಪಟ್ಟಿ, ಇಂಗ್ಲೆಂಡಿನ 1377, 1379 ಮತ್ತು 1381ರ ತಲೆಗಂದಾಯದ ಪಟ್ಟಿಗಳು, ಫ್ಲಾರೆನ್ಸಿನ 1427ರ ಆಸ್ತಿ ಲೆಕ್ಕ. ಇವುಗಳಲ್ಲಿ ಹೆಸರಿನ ಜೊತೆಗೆ ಕಸುಬೂ ಸಿಗುತ್ತದೆ.

ಕಿವಿಯನ್ನು ನಂಬಿದರೆ ಇಲ್ಲಿ ಮೋಸ ಹೋಗುತ್ತೀರಿ. ಫಿಯೋನಾ ಎಂಬ ಹೆಸರು ಹಳೆಯದೆಂದು ತೋರುತ್ತದೆ, ಬಳಕೆಗೆ ಬಂದದ್ದು 18ನೇ ಶತಮಾನದಲ್ಲಿ. ವನೆಸ್ಸಾ ಎಂಬುದನ್ನು ಜೊನಾಥನ್ ಸ್ವಿಫ್ಟ್ ಕಟ್ಟಿದ್ದು. ಅದೇ ಟಿಫನಿ ಎಂಬುದು ಹೊಚ್ಚ ಹೊಸದೆನಿಸಿದರೂ ಥಿಯೊಫಾನಿಯಾದಿಂದ ಬಂದ ನಿಜವಾದ ಮಧ್ಯಯುಗದ ಹೆಸರು. 14ನೇ ಶತಮಾನದ ಇಂಗ್ಲೆಂಡಾದರೆ ಆಗ್ನೆಸ್, ಆಲಿಸ್, ಜೋನ್. ಗಂಡಸರಿಗೆ ಜಾನ್, ವಿಲಿಯಂ, ಥಾಮಸ್. ಎಲ್ಲರಿಗೂ ಇರುವ ಹೆಸರು ಬೇಡವೆನಿಸುವುದು ಸಹಜ, ಆದರೆ ಆ ಕಾಲದಲ್ಲಿ ಎಲ್ಲರಿಗೂ ಇದ್ದದ್ದು ಅವೇ. ಬೇರೆತನವನ್ನು ಉಪನಾಮದಲ್ಲಿ ತನ್ನಿ: ಊರಿನಿಂದ, ಅಪ್ಪನ ಹೆಸರಿನಿಂದ, ಕಸುಬಿನಿಂದ ಅಥವಾ ಮೈಕಟ್ಟಿನ ಗುರುತಿನಿಂದ. ವೆಬ್‌ಸ್ಟರ್, ಬ್ರೂಸ್ಟರ್ ಎಂಬುವುಗಳ ಕೊನೆಯ "ಸ್ಟರ್" ಮೂಲದಲ್ಲಿ ಹೆಣ್ಣನ್ನು ಸೂಚಿಸುವ ಪ್ರತ್ಯಯ: ನೇಯುವವಳು, ಬಿಯರ್ ಕಾಸುವವಳು. ಮೂರನೆಯ ಹೆಸರನ್ನು ನಡುವೆ ತುರುಕಬೇಡಿ, ಆಗಿನ ಇಂಗ್ಲೆಂಡಿನಲ್ಲಿ ಆ ರೂಢಿ ಇರಲಿಲ್ಲವೆಂದೇ ಹೇಳಬಹುದು. ಸರ್, ಕೌಂಟ್, ಲೇಡಿ ಎಂಬ ಬಿರುದುಗಳನ್ನು ನೀವೇ ಹಚ್ಚಿಕೊಳ್ಳುವಂತಿಲ್ಲ. ಸಂಘಗಳಲ್ಲಿ ಅವು ಗಳಿಸಬೇಕಾದವು. ಪ್ರಸಿದ್ಧ ಐತಿಹಾಸಿಕ ವ್ಯಕ್ತಿಯ ಹೆಸರನ್ನು ಹಾಗೆಯೇ ಎತ್ತಿಕೊಳ್ಳುವುದೂ ನಡೆಯದು. ಹೆಸರನ್ನು ಸಂಘದ ನೋಂದಣಿಗೆ ಕಳಿಸುವ ಮುನ್ನ ಆ ಹೆಸರಿನಿಂದ ಯಾರಾದರೂ ದೂರದಿಂದ ನಿಮ್ಮನ್ನು ಹತ್ತು ಸಲ ಕೂಗಲಿ. ತಿರುಗಿ ನೋಡಲು ಬರದ ಹೆಸರು ಬೇಡ.

ಮೊದಲ ಉಡುಪು

ಒಳಗೆ ಲಿನನ್, ಮೇಲೆ ಉಣ್ಣೆ. ಹತ್ತಿ–ಪಾಲಿಯೆಸ್ಟರ್ ಮಿಶ್ರಣದ ಬಟ್ಟೆ ಅಗ್ಗವಾಗಿ ಸಿಕ್ಕರೂ ಬೇಡ: ಬೆವರು ಹೀರುವುದಿಲ್ಲ, ಒಲೆಯ ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಲಿನನ್ನನ್ನು ಕತ್ತರಿಸುವ ಮೊದಲು ಎರಡು ಸಲ ಬಿಸಿನೀರಿನಲ್ಲಿ ಒಗೆಯಿರಿ. ಈ ಹಂತ ಬಿಟ್ಟವರ ಅಂಗಿ ಮೊದಲ ಒಗೆತಕ್ಕೇ ಮೊಣಕಾಲು ಬಿಟ್ಟು ಮೇಲೇರುತ್ತದೆ.

ಮೊಣಕಾಲುದ್ದದ ಉಣ್ಣೆ ಅಂಗಿಗೆ 150 ಸೆಂ.ಮೀ. ಅಗಲದ ಬಟ್ಟೆ 2.5 ಮೀಟರ್ ಬೇಕು. ಎದೆ ಸುತ್ತಳತೆ 100 ಸೆಂ.ಮೀ. ಎಂದುಕೊಂಡರೆ ಸಡಿಲಕ್ಕೆ 10 ಸೇರಿಸಿ, ಅರ್ಧ ಮಾಡಿ, ಹೊಲಿಗೆಯಂಚಿಗೆ 3 ಕೂಡಿಸಿ: 58 ಸೆಂ.ಮೀ. ಅಗಲದ ಎರಡು ಆಯತಗಳು, ಹೆಗಲಿನಿಂದ ಮೊಣಕಾಲಿನವರೆಗಿನ ಉದ್ದ. ನಾಲ್ಕು ತ್ರಿಕೋನದ ತುಂಡುಗಳು, ತಳ 45, ಎತ್ತರ 60. ಎರಡು ಪಕ್ಕಗಳಿಗೆ, ಒಂದು ಮುಂದೆ, ಒಂದು ಹಿಂದೆ. ಎರಡು ತೋಳು. ಕಂಕುಳಿಗೆ 12 ಸೆಂ.ಮೀ. ಚೌಕದ ಎರಡು ತುಂಡು. ಹೀಗೆ ಮಾಡಿದರೆ ಕೆಳಗಿನ ಘೇರು ಸುಮಾರು 2.8 ಮೀಟರ್ ಬರುತ್ತದೆ. ಗ್ರೀನ್‌ಲ್ಯಾಂಡಿನ ಹೆರ್ಯೋಲ್ಫ್ಸ್‌ನೆಸ್ ಸ್ಮಶಾನದಲ್ಲಿ 1921ರ ಉತ್ಖನನದಲ್ಲಿ ಸಿಕ್ಕ ಉಡುಪುಗಳಲ್ಲಿ ಘೇರು ತುಂಬುವ ಇಂಥ ತುಂಡುಗಳನ್ನು ಈಗಲೂ ಕಾಣಬಹುದು.

ಎರಡು ಕಡೆ ಕೆಲಸ ಕೆಡುತ್ತದೆ. ಕಂಕುಳ ಚೌಕ ಬಿಟ್ಟರೆ ಕೈ ಎತ್ತಿದಾಗಲೆಲ್ಲ ಇಡೀ ಅಂಗಿ ಮೇಲೆದ್ದು, ಹೊಲಿಗೆ ಅಲ್ಲೇ ಬಿಚ್ಚಿಕೊಳ್ಳುತ್ತದೆ. ಇನ್ನೊಂದು, ತ್ರಿಕೋನದ ಓರೆ ಅಂಚು ಜಗ್ಗುತ್ತದೆ. ಹಾಗಾಗಿ ಹೊಲಿದ ಅಂಗಿಯನ್ನು ಒಂದು ದಿನ ನೇತುಹಾಕಿ, ಜಗ್ಗುವಷ್ಟು ಜಗ್ಗಿದ ಮೇಲೆ ಅಂಚು ಸಮ ಮಾಡಿ ಮಡಚಿ. ಒಳಗಿನ ಉದ್ದ ಹೊಲಿಗೆಗಳಿಗೆ ಯಂತ್ರ ಬಳಸಿದರೂ ಕಣ್ಣಿಗೆ ಬೀಳುವ ಕುತ್ತಿಗೆ, ಕೈ ಮತ್ತು ಕೆಳಗಿನ ಅಂಚನ್ನು ಕೈಯಲ್ಲೇ, ಮೇಣ ಸವರಿದ ಲಿನನ್ ದಾರದಲ್ಲಿ ಹೊಲಿಯಿರಿ. ಬಣ್ಣಕ್ಕೆ ಕಡುಗಪ್ಪನ್ನು ಆರಿಸಬೇಡಿ, ಆಗ ಅದು ದುಬಾರಿ ಬಣ್ಣ. ಮಾಸಲು ಕೆಂಪು, ಹಳದಿ, ನೀಲಿ, ಕಂದು ಯಾವುದಾದರೂ ಸರಿ.

ಗಿಲ್ಡ್: ವಸ್ತುವಿನಿಂದ ಶುರು

ಪ್ಯಾರಿಸ್ಸಿನ ಆಡಳಿತಾಧಿಕಾರಿ ಎಟಿಯೆನ್ ಬುವಾಲೊ 1268ರ ಸುಮಾರಿಗೆ ಅಲ್ಲಿನ ನೂರರಷ್ಟು ಕಸುಬುಗಳ ಕಟ್ಟಳೆಗಳನ್ನು ಬರೆಸಿಟ್ಟ. ಒಬ್ಬ ಯಜಮಾನ ಎಷ್ಟು ಶಿಷ್ಯರನ್ನು ಇಟ್ಟುಕೊಳ್ಳಬಹುದು, ಎಷ್ಟು ವರ್ಷ ಕಲಿಸಬೇಕು, ದೀಪದ ಬೆಳಕಿನಲ್ಲಿ ಕೆಲಸ ಏಕೆ ಕೂಡದು ಎಂಬೆಲ್ಲ ವಿವರ ಅದರಲ್ಲಿದೆ. ರೇಷ್ಮೆ ನೂಲುವ ಹೆಂಗಸರದ್ದೇ ಆದ ಗಿಲ್ಡ್‌ಗಳೂ ಅದರಲ್ಲಿವೆ. ಕೊಲೋನ್ ನಗರದಲ್ಲಿ ನೂಲು ತಯಾರಿಸುವ ಹೆಂಗಸರಿಗೆ 1397ರಲ್ಲಿ, ರೇಷ್ಮೆಯವರಿಗೆ 1437ರಲ್ಲಿ ಕಟ್ಟಳೆ ಸಿಕ್ಕಿತು. ಹವ್ಯಾಸದ ಗಿಲ್ಡ್ ಕಟ್ಟುವವರು ಇವುಗಳಿಂದ ಕಲಿಯಬೇಕಾದ್ದು ಅವುಗಳ ಕಿರಿದಾದ ವ್ಯಾಪ್ತಿಯನ್ನು. ಒಂದು ಗಿಲ್ಡ್, ಒಂದು ಕಸುಬು. "ಕಲೆ ಮತ್ತು ಕರಕುಶಲ ಗಿಲ್ಡ್" ಎಂದು ಹೆಸರಿಟ್ಟರೆ ಒಬ್ಬರು ಕಸೂತಿ, ಇನ್ನೊಬ್ಬರು ಬ್ರೆಡ್ಡು, ಮತ್ತೊಬ್ಬರು ಚರ್ಮ ಹಿಡಿದು ಬರುತ್ತಾರೆ. ಒಬ್ಬರ ಕೈ ಇನ್ನೊಬ್ಬರಿಗೆ ನೆರವಾಗುವುದಿಲ್ಲ.

ಐದಾರು ಜನ ಸಾಕು. ತಿಂಗಳಿಗೊಂದು ಸಲ, ಗೊತ್ತಾದ ವಾರ, ಎರಡು ಗಂಟೆ. ದಿನಾಂಕವನ್ನು ಪ್ರತಿ ಸಲ ಎಲ್ಲರನ್ನೂ ಕೇಳಿ ನಿಗದಿ ಮಾಡುವ ಗಿಲ್ಡ್ ಬಹಳ ದಿನ ಬಾಳುವುದಿಲ್ಲ. ಮೊದಲ ಸಭೆಯಲ್ಲಿ ನಿಯಮಾವಳಿ ಚರ್ಚೆಗೆ ತರಬೇಡಿ, ಕೈಗೆ ಕೆಲಸ ಕೊಡಿ. ಮೂರು ಸಭೆಗಳೊಳಗೆ ಮುಗಿದು, ಮೈಮೇಲೆ ಧರಿಸಬಹುದಾದ ವಸ್ತುವಾಗಿರಲಿ.

ಕಾರ್ಡಿನಿಂದ ನೇಯುವ ನಡುಪಟ್ಟಿ ಅದಕ್ಕೆ ಹೇಳಿ ಮಾಡಿಸಿದ್ದು. ಮಗ್ಗ ಬೇಡ, ಕಾಲದ ವಿಷಯದಲ್ಲೂ ತಕರಾರಿಲ್ಲ: ನಾರ್ವೆಯ ಓಸೆಬರ್ಗ್‌ನಲ್ಲಿರುವ 834ರ ಹಡಗು ಸಮಾಧಿಯಲ್ಲೇ ನೇಯ್ಗೆ ಅರ್ಧಕ್ಕೆ ನಿಂತ ಕಾರ್ಡುಗಳ ಕಟ್ಟು ಸಿಕ್ಕಿದೆ. ಗಟ್ಟಿ ರಟ್ಟಿನಲ್ಲಿ 6 ಸೆಂ.ಮೀ. ಚೌಕದ 16 ಕಾರ್ಡು ಕತ್ತರಿಸಿ ಮೂಲೆಗೊಂದರಂತೆ ನಾಲ್ಕು ತೂತು ಹಾಕಿ. ಪ್ರತಿ ಕಾರ್ಡಿಗೆ ನಾಲ್ಕು ಎಳೆ, ಎಳೆಗೆ 2.5 ಮೀಟರ್: ಒಟ್ಟು 64 ಎಳೆ, 160 ಮೀಟರ್ ಹಾಸುನೂಲು. ಹೊಕ್ಕುನೂಲು ಬೇರೆ. ನೇಯುವಾಗ ಕುಗ್ಗುವುದನ್ನೂ ಎರಡು ತುದಿಯಲ್ಲಿ ವ್ಯರ್ಥವಾಗುವುದನ್ನೂ ಕಳೆದರೆ ಸುಮಾರು 1.7 ಮೀಟರ್ ಪಟ್ಟಿ ಕೈಗೆ ಬರುತ್ತದೆ. ಅಗಲ ನೂಲಿನ ದಪ್ಪಕ್ಕೆ ತಕ್ಕಂತೆ 2ರಿಂದ 3 ಸೆಂ.ಮೀ. ಒಂದು ತುದಿಯನ್ನು ಕಂಬಕ್ಕೆ, ಇನ್ನೊಂದನ್ನು ಸೊಂಟಕ್ಕೆ ಕಟ್ಟಿ ಎಲ್ಲ ಕಾರ್ಡುಗಳನ್ನೂ ಒಟ್ಟಿಗೆ ಕಾಲು ಸುತ್ತು ತಿರುಗಿಸುವುದು, ಹೊಕ್ಕು ದಾಟಿಸುವುದು, ಬಡಿಯುವುದು. ಒಂದೇ ದಿಕ್ಕಿಗೆ ತಿರುಗಿಸುತ್ತಾ ಹೋದರೆ ಕಾರ್ಡುಗಳ ಹಿಂದೆ ನೂಲು ಹುರಿಗೊಂಡು ಬಿಗಿಯುತ್ತದೆ. ಹೊಸಬರು ಹೆಚ್ಚಾಗಿ ಕೈಬಿಡುವುದು ಈ ಹಂತದಲ್ಲೇ. ನಾಲ್ಕು ಕಾಲು ಸುತ್ತು ಮುಂದಕ್ಕೆ, ನಾಲ್ಕು ಹಿಂದಕ್ಕೆ ಎಂದು ಮಾಡಿದರೆ ಹುರಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಅಂಚು ಅಂಕುಡೊಂಕಾದರೆ ಹೊಕ್ಕನ್ನು ಒಂದೇ ಹದದಲ್ಲಿ ಎಳೆದಿಲ್ಲವೆಂದೇ ಅರ್ಥ.

ಎರಡನೆಯ ಯೋಜನೆಯಾಗಿ ಬಣ್ಣ ಹಾಕುವುದಿರಲಿ. 100 ಗ್ರಾಂ ಉಣ್ಣೆನೂಲಿಗೆ 12ರಿಂದ 15 ಗ್ರಾಂ ಪಟಿಕದ ನೀರಿನಲ್ಲಿ ಬಣ್ಣ ಹಿಡಿಯುವಂತೆ ಸಂಸ್ಕಾರ, ಆಮೇಲೆ 50ರಿಂದ 100 ಗ್ರಾಂ, ಕೆಂಪು ಕೊಡುವ ಮ್ಯಾಡರ್ ಗಿಡದ ಬೇರಿನ ಪುಡಿಯೊಂದಿಗೆ ಒಂದು ಗಂಟೆ. ಉಷ್ಣತೆ 70 ಡಿಗ್ರಿ ದಾಟಿದರೆ ಬೇರಿನ ಕಂದುಬಣ್ಣ ಬಿಟ್ಟುಕೊಂಡು ಕೆಂಪು ಮಂಕಾಗುತ್ತದೆ. ಹಾಗಾಗಿ ಥರ್ಮಾಮೀಟರ್ ಇರಲೇಬೇಕು, ಬೇಕಿದ್ದರೆ ಬಟ್ಟೆಯಡಿ ಮುಚ್ಚಿಡಿ. ಬಣ್ಣದ ಪಾತ್ರೆಯನ್ನು ಅಡುಗೆಗೆ ಮತ್ತೆ ಬಳಸಬಾರದು. ತವರ ಮತ್ತು ಕ್ರೋಮ್ ಲವಣಗಳ ತಂಟೆಗೇ ಹೋಗಬೇಡಿ.

ದರ್ಜೆ, ಪರೀಕ್ಷೆ, ಹಣ

ಆರು ತಿಂಗಳು ನಡೆದ ಮೇಲೆ ಒಂದು ಪುಟದ ಕಟ್ಟಳೆ ಬರೆಯಿರಿ: ಯಾವ ಕಸುಬು, ಯಾರು ಸೇರಬಹುದು, ಮುಖ್ಯಸ್ಥರ ಅವಧಿ ಎಷ್ಟು, ದರ್ಜೆ ಹೇಗೆ, ಗಿಲ್ಡ್ ಮುಚ್ಚಿದರೆ ಸಾಮಾನು ಯಾರಿಗೆ. ಕೊನೆಯದನ್ನು ಬಹುತೇಕರು ಬಿಡುತ್ತಾರೆ, ಜಗಳವಾಗುವುದು ಅದಕ್ಕೇ. ಮುಖ್ಯಸ್ಥರ ಅವಧಿ ಎರಡು ವರ್ಷ ದಾಟದಿರಲಿ; ದಣಿದವರು ಮರ್ಯಾದೆಯಿಂದ ಇಳಿಯಲು ದಾರಿ ಬೇಕು.

ದರ್ಜೆಯ ಹೆಸರುಗಳಲ್ಲಿ ಒಂದು ತೊಡಕಿದೆ. ಅಪ್ರೆಂಟಿಸ್ ಎಂಬ ಮಾತು ಚರಿತ್ರೆಗೆ ಹೊಂದುತ್ತದೆ, ಆದರೆ ಮೇಲೆ ಹೇಳಿದ ಸೊಸೈಟಿಯಲ್ಲಿ ಆ ಪದಕ್ಕೆ ಬೇರೆ ಅರ್ಥವಿದೆ: ಕಲೆ, ಕಸುಬಿಗೆ ಅಲ್ಲಿ ಕೊಡುವ ಅತ್ಯುನ್ನತ ಗೌರವವಾದ ಲಾರೆಲ್ ಪಡೆದವರು ವೈಯಕ್ತಿಕವಾಗಿ ಸ್ವೀಕರಿಸಿದ, ರೂಢಿಯಂತೆ ಹಸಿರು ನಡುಪಟ್ಟಿ ಕಟ್ಟುವ ಶಿಷ್ಯರು. ಅಂಥ ಸಂಘದೊಳಗಿದ್ದರೆ ಗಿಲ್ಡ್‌ನ ದರ್ಜೆಗೆ ಬೇರೆ ಹೆಸರಿಡಿ, ಪಟ್ಟಿಯ ಬಣ್ಣವನ್ನೂ ಬದಲಿಸಿ.

ಪರೀಕ್ಷೆಗೆ ನಾಲ್ಕೇ ಪ್ರಶ್ನೆ. ಆಧಾರ ಯಾವುದು? ಸಾಮಗ್ರಿ ಆ ಕಾಲದ್ದೇ, ಬದಲಿಯಾದರೆ ಏಕೆ? ಕೈಚಳಕ ಹೇಗಿದೆ? ಕಲಿತದ್ದನ್ನು ಇನ್ನೊಬ್ಬರಿಗೆ ತೋರಿಸಬಲ್ಲರೇ? ಮೇಲಿನ ದರ್ಜೆಗೆ ಮೂರು ವಸ್ತು, ಒಂದೊಂದರ ಜೊತೆ ಒಂದು ಪುಟದ ಟಿಪ್ಪಣಿ ಕೇಳಿ. ಕನಿಷ್ಠ ಇಬ್ಬರು ನೋಡಲಿ, ಅದರಲ್ಲಿ ಒಬ್ಬರು ಕಲಿಸಿದ ಗುರು ಆಗಿರಬಾರದು. "ಇನ್ನೂ ಆಗಿಲ್ಲ" ಎಂದು ಹೇಳುವಾಗ ಯಾವ ಹೊಲಿಗೆ, ಯಾವ ಅಂಚು ಎಂದು ಬೆರಳಿಟ್ಟು ತೋರಿಸಿ, ಬರೆದೂ ಕೊಡಿ. ಕಾರಣವಿಲ್ಲದೆ ಹಿಂದಿರುಗಿದ ವಸ್ತುವಿನ ಜೊತೆ ಅದನ್ನು ಮಾಡಿದವರೂ ಹೊರಟುಹೋಗುತ್ತಾರೆ.

ಹಣದ ವಿಷಯಕ್ಕೆ ಹಳೆಯ ಗಿಲ್ಡ್‌ಗಳ ಪೆಟ್ಟಿಗೆಯೇ ಮಾದರಿ. ಅದಕ್ಕೆ ಹಲವು ಬೀಗ, ಬೀಗದ ಕೈಗಳು ಬೇರೆಬೇರೆಯವರ ಬಳಿ. ಎಲ್ಲರೂ ಸೇರಿದರೆ ಮಾತ್ರ ತೆರೆಯುತ್ತಿತ್ತು. ಚಂದಾ ಹಣ ಯಾರೊಬ್ಬರ ಸ್ವಂತ ಖಾತೆಗೂ ಹೋಗಬಾರದು. ಸಂಘದ ಸ್ಥಳೀಯ ಖಜಾಂಚಿಯ ಮೂಲಕವೇ ನಡೆಯಲಿ, ಇಬ್ಬರ ಸಹಿ ಇರಲಿ. ಗಿಲ್ಡ್‌ನ ಸ್ವಂತ ಪೆಟ್ಟಿಗೆಯಲ್ಲಿ ಹೊಸಬರಿಗೆ ಕೊಡಲು ಕಾರ್ಡಿನ ಎರಡು ಕಟ್ಟು, ಎರಡು ತಕಲಿ, ಕತ್ತರಿ, ಮೇಣ, ಸೂಜಿ, ಜೊತೆಗೆ ದೊಡ್ಡ ಮತ್ತು ಮಧ್ಯಮ ಅಳತೆಯ ಒಂದೊಂದು ಸಾದಾ ಅಂಗಿ ಇಟ್ಟಿರಿ. ಉಡುಪಿಲ್ಲದೆ ಬಂದವರು ಅದನ್ನು ತೊಟ್ಟು ಅವತ್ತೇ ಕೂತು ನೇಯಬಹುದು. ಮುಚ್ಚಳದ ಒಳಬದಿಗೆ ಸಾಮಾನಿನ ಪಟ್ಟಿ ಅಂಟಿಸಿ, ಸಭೆ ಮುಗಿದಾಗಲೆಲ್ಲ ಎಣಿಸಿಯೇ ಮುಚ್ಚಿ. ಮೊದಲು ಕಳೆಯುವುದು ಯಾವಾಗಲೂ ಕತ್ತರಿ.